ಮೆಡಿಟರೇನಿಯನ್ ಕ್ರೂಸ್: ಬಂದರಿನಲ್ಲಿ ಇಳಿದ ಮೇಲೆ ಹಡಗಿನವರ ಬಸ್ಸೇ, ಸ್ವಂತ ಸುತ್ತಾಟವೇ?

ಮೆಡಿಟರೇನಿಯನ್ ಸಮುದ್ರದ ಕ್ರೂಸ್‌ನಲ್ಲಿ ಹಡಗು ಹೆಚ್ಚಾಗಿ ರಾತ್ರಿ ಸಾಗುತ್ತದೆ, ಹಗಲು ಬಂದರಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಏಳೆಂಟು ಗಂಟೆಗೆ ಇಳಿದವರು ಸಂಜೆ ಐದಾರು ಗಂಟೆಯೊಳಗೆ ಮರಳಿ ಹತ್ತಬೇಕು. ರೋಮ್, ಫ್ಲಾರೆನ್ಸ್, ಅಥೆನ್ಸ್, ಬಾರ್ಸಿಲೋನಾ ಎಲ್ಲವೂ ಈ ಎಂಟು-ಹತ್ತು ತಾಸಿನಲ್ಲೇ ಆಗಬೇಕು. ಆ ಹೊತ್ತನ್ನು ಕಳೆಯಲು ಎರಡು ದಾರಿಗಳಿವೆ. ಒಂದು, ಹಡಗಿನ ಕಂಪನಿಯೇ ಬಸ್ಸು, ಗೈಡ್, ಟಿಕೆಟ್ ಸಮೇತ ಏರ್ಪಡಿಸುವ ಶೋರ್ ಎಕ್ಸ್‌ಕರ್ಷನ್. ಇನ್ನೊಂದು, ರೈಲು, ಬಸ್ಸು, ಟ್ಯಾಕ್ಸಿ ಹಿಡಿದು ತಾವೇ ಸುತ್ತಿ ಬರುವುದು.

ಜೈನ ಕುಟುಂಬಗಳಿಗೆ ಇದು ಬರೀ ಖರ್ಚಿನ ಪ್ರಶ್ನೆಯಲ್ಲ. ಮಧ್ಯಾಹ್ನದ ಊಟ ಎಲ್ಲಿ, ಸೂರ್ಯಾಸ್ತಕ್ಕೆ ಮೊದಲು ಸಂಜೆಯ ಆಹಾರ ಮುಗಿಯುತ್ತದೆಯೇ, ಜೊತೆಯಲ್ಲಿರುವ ಹಿರಿಯರ ನಿಯಮಕ್ಕೆ ಭಂಗ ಬರುವುದಿಲ್ಲವೇ ಎಂಬುದೂ ಇದರೊಂದಿಗೆ ಸೇರಿದೆ. ಇಡೀ ಪ್ರವಾಸಕ್ಕೆ ಒಂದೇ ತೀರ್ಮಾನ ಮಾಡುವ ಬದಲು ಪ್ರತಿ ಬಂದರಿಗೂ ಬೇರೆಯಾಗಿ ಯೋಚಿಸುವುದು ಒಳ್ಳೆಯದು.

ಮುಖ್ಯ ವ್ಯತ್ಯಾಸ: ಮರಳಿ ತಲುಪಿಸುವ ಹೊಣೆ ಯಾರದು?

ಹಡಗಿನವರ ಎಕ್ಸ್‌ಕರ್ಷನ್‌ಗೆ ಹೋದ ಬಸ್ಸು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಕಾಯಲಾಗದಿದ್ದರೆ ಪ್ರಯಾಣಿಕರನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಕಂಪನಿ ಹೊರುತ್ತದೆ. ಸ್ವಂತವಾಗಿ ಹೋದವರಿಗೆ ಈ ರಕ್ಷಣೆ ಇಲ್ಲ. ರೈಲು ತಡವಾಯಿತೆಂದು ಹಡಗು ನಿಲ್ಲುವುದಿಲ್ಲ. ಮುಂದಿನ ಬಂದರಿಗೆ ವಿಮಾನ ಅಥವಾ ರೈಲಿನ ಖರ್ಚು, ಹೋಟೆಲ್ ಖರ್ಚು ಎಲ್ಲವೂ ಪ್ರಯಾಣಿಕರದ್ದೇ. ಔಷಧಿ, ಬಟ್ಟೆ, ಊರಿನಿಂದ ತಂದ ತಿಂಡಿ ಹಡಗಿನ ಕೋಣೆಯಲ್ಲೇ ಉಳಿದು ಮುಂದೆ ಸಾಗುತ್ತವೆ.

ಹೊರಡುವ ಸಮಯ ಬೇರೆ, ಎಲ್ಲರೂ ಹಡಗು ಹತ್ತಿರಬೇಕಾದ ಸಮಯ ಬೇರೆ. ಇದನ್ನು ಆಲ್ ಅಬೋರ್ಡ್ ಸಮಯ ಎನ್ನುತ್ತಾರೆ. ಹೆಚ್ಚಾಗಿ ಹಡಗು ಹೊರಡುವುದಕ್ಕೆ ಅರ್ಧ ಗಂಟೆ ಅಥವಾ ಅದಕ್ಕೂ ಮೊದಲೇ ಇರುತ್ತದೆ. ಲೆಕ್ಕ ಹಾಕಬೇಕಾದದ್ದು ಈ ಸಮಯದಿಂದ ಹಿಂದಕ್ಕೆ.

ದೂರದ ಬಂದರುಗಳು

ಕ್ರೂಸ್ ಪಟ್ಟಿಯಲ್ಲಿ ‘ರೋಮ್’ ಎಂದಿದ್ದರೂ ಹಡಗು ರೋಮ್‌ಗೆ ಹೋಗುವುದಿಲ್ಲ. ಅದು ನಿಲ್ಲುವುದು ಚಿವಿಟವೆಕ್ಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್ 70-80 ಕಿ.ಮೀ. ದೂರ, ರೈಲಿನಲ್ಲಿ ಸುಮಾರು ಒಂದು ಗಂಟೆ, ಅದಕ್ಕೂ ಮೊದಲು ಬಂದರಿನೊಳಗಿನಿಂದ ನಿಲ್ದಾಣ ತಲುಪುವ ಸಮಯ ಬೇರೆ. ‘ಫ್ಲಾರೆನ್ಸ್’ ಎಂದರೆ ಹೆಚ್ಚಾಗಿ ಲಿವೊರ್ನೊ ಬಂದರು. ಅಲ್ಲಿಂದ ಫ್ಲಾರೆನ್ಸ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯ ಹಾದಿ. ಪೀಸಾ ಮಾತ್ರ ಹತ್ತಿರ, 20-25 ಕಿ.ಮೀ.

‘ವೆನಿಸ್’ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2021ರ ಆಗಸ್ಟ್‌ನಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ನಗರದ ಮಧ್ಯದ ಜುಡೆಕ್ಕಾ ಕಾಲುವೆಗೆ ಬರುವಂತಿಲ್ಲ. ಹಾಗಾಗಿ ದೊಡ್ಡ ಹಡಗುಗಳು ಮರ್ಗೇರಾ, ರವೆನ್ನಾ ಅಥವಾ ಟ್ರಿಯೆಸ್ಟೆಯಲ್ಲಿ ನಿಲ್ಲುತ್ತವೆ. ರವೆನ್ನಾದಿಂದ ವೆನಿಸ್‌ಗೆ ರಸ್ತೆಯಲ್ಲಿ ಎರಡು ಗಂಟೆಗೂ ಹೆಚ್ಚು ಬೇಕು. ಟಿಕೆಟ್ ಕಾಯ್ದಿರಿಸುವಾಗಲೇ ಬಂದರಿನ ನಿಜವಾದ ಹೆಸರು ಯಾವುದೆಂದು ಏಜೆಂಟರನ್ನು ಕೇಳಬೇಕು.

ಇಂಥ ದೂರದ ಸ್ಥಳಗಳಿಗೆ ಹಡಗಿನವರ ವ್ಯವಸ್ಥೆಯೇ ಕ್ಷೇಮ. ಇಟಲಿಯಲ್ಲಿ ರೈಲು ಮುಷ್ಕರಗಳು ಅಪರೂಪವಲ್ಲ ಎಂಬುದೂ ನೆನಪಿರಲಿ. ಪೂರ್ತಿ ದಿನದ ಗೈಡ್ ಪ್ರವಾಸ ಬೇಡವೆನ್ನುವವರಿಗೆ ಮಧ್ಯದ ದಾರಿಯೊಂದಿದೆ. ಹಲವು ಹಡಗುಗಳು ಹೋಗಿಬರುವ ಬಸ್ಸನ್ನಷ್ಟೇ ಮಾರುತ್ತವೆ. ಬಸ್ಸು ನಗರದಲ್ಲಿ ಇಳಿಸುತ್ತದೆ, ನಾಲ್ಕೈದು ತಾಸು ಬಿಟ್ಟು ಅದೇ ಜಾಗದಿಂದ ಕರೆತರುತ್ತದೆ. ಮರಳುವ ಹೊಣೆ ಹಡಗಿನವರದ್ದು, ನಡುವಿನ ಸಮಯ ಕುಟುಂಬದ್ದು. ಊಟದ ವೇಳೆ, ಊಟದ ಜಾಗ ತಮ್ಮ ಕೈಯಲ್ಲಿರಬೇಕು ಎನ್ನುವ ಜೈನ ಕುಟುಂಬಗಳಿಗೆ ಇದು ಬಹಳ ಒಪ್ಪುವ ವ್ಯವಸ್ಥೆ.

ಹತ್ತಿರದ ಬಂದರುಗಳು

ಮಾಲ್ಟಾದ ವಲೆಟ್ಟಾದಲ್ಲಿ ಹಡಗು ಕೋಟೆಯ ಬುಡದಲ್ಲೇ ನಿಲ್ಲುತ್ತದೆ. ಬರಾಕ್ಕಾ ಲಿಫ್ಟ್ ಹತ್ತಿದರೆ ನೇರವಾಗಿ ನಗರದೊಳಗೆ. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ಗ್ರೂಜ್ ಬಂದರಿನಿಂದ ಹಳೆಯ ಪಟ್ಟಣ 3 ಕಿ.ಮೀ.; ಊರಿನ ಬಸ್ಸುಗಳಿವೆ. ಬಾರ್ಸಿಲೋನಾದಲ್ಲಿ ಬಂದರಿನ ಬಸ್ಸು ಕೊಲಂಬಸ್ ಸ್ತಂಭದ ಬಳಿ ಇಳಿಸುತ್ತದೆ, ಅಲ್ಲಿಂದ ಮೆಟ್ರೊ ಹತ್ತಿರ. ಗೌಡಿಯ ವಿನ್ಯಾಸದ, 1882ರಲ್ಲಿ ಕಟ್ಟಡ ಆರಂಭವಾದ ಸಗ್ರಾದಾ ಫಮೀಲಿಯಾ ಚರ್ಚನ್ನು ಮೆಟ್ರೊದಲ್ಲೇ ತಲುಪಬಹುದು. ಇಲ್ಲೆಲ್ಲ ಸ್ವಂತ ಸುತ್ತಾಟವೇ ಸಾಕು.

ಅಥೆನ್ಸ್‌ನ ಬಂದರು ಪಿರೆಯಸ್. ಅಲ್ಲಿಂದ ಮೆಟ್ರೊದ ಒಂದನೇ ಮಾರ್ಗದಲ್ಲಿ ಅಕ್ರೊಪೊಲಿಸ್ ಸಮೀಪದ ಮೊನಾಸ್ತಿರಾಕಿಗೆ ಅರ್ಧ ಗಂಟೆಯೊಳಗಿನ ಪ್ರಯಾಣ. ಬೇಸಿಗೆಯ ಬಿಸಿಲಿನಲ್ಲಿ ಹಡಗುಕಟ್ಟೆಯಿಂದ ಮೆಟ್ರೊ ನಿಲ್ದಾಣದವರೆಗೆ ನಡೆಯುವುದು ಹಿರಿಯರಿಗೆ ಕಷ್ಟ; ಅಷ್ಟಕ್ಕೆ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬಹುದು. ಈ ಮೆಟ್ರೊದಲ್ಲೂ ಬಾರ್ಸಿಲೋನಾದ ರಾಂಬ್ಲಾ ಬೀದಿಯಲ್ಲೂ ಜೇಬುಗಳ್ಳರ ಕಾಟವಿದೆ.

ನೇಪಲ್ಸ್ ಎರಡರ ನಡುವಿನದು. ಬಂದರು ಊರಿನ ಮಧ್ಯದಲ್ಲೇ ಇದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ನಗರ ಅಲ್ಲಿಂದ ಸುಮಾರು 25 ಕಿ.ಮೀ. ಸ್ಥಳೀಯ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು, ಆದರೆ ರೈಲು ತುಂಬಾ ನೂಕುನುಗ್ಗಲಿನದು.

ಸ್ವಂತವಾಗಿ ಹೋಗುವವರು ಟಿಕೆಟ್ಟನ್ನು ಊರಿನಿಂದಲೇ ಆನ್‌ಲೈನ್‌ನಲ್ಲಿ ತೆಗೆದಿಡಬೇಕು. ಅಕ್ರೊಪೊಲಿಸ್‌ಗೆ 2023ರ ಸೆಪ್ಟೆಂಬರ್‌ನಿಂದ, ಪಾಂಪೆಗೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಲಾಗಿದೆ. ಸಗ್ರಾದಾ ಫಮೀಲಿಯಾ, ರೋಮ್‌ನ ಕೊಲೋಸಿಯಂಗಳಿಗೂ ಸಮಯ ನಿಗದಿಯಾದ ಟಿಕೆಟ್ ಬೇಕು.

ಸ್ಯಾಂಟೊರಿನಿಯ ಕತ್ತೆಗಳು

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಸಮುದ್ರದಲ್ಲೇ ನಿಂತು ಟೆಂಡರ್ ದೋಣಿಗಳಲ್ಲಿ ಜನರನ್ನು ಇಳಿಸುತ್ತದೆ. ಸ್ವಂತವಾಗಿ ಹೋಗುವವರು ಇಳಿಯುವ ಹಳೆಯ ಬಂದರಿನಿಂದ ಮೇಲಿನ ಫಿರಾ ಊರಿಗೆ ಮೂರು ದಾರಿ: ಕೇಬಲ್ ಕಾರ್, ಸುಮಾರು 600 ಮೆಟ್ಟಿಲು, ಅಥವಾ ಕತ್ತೆ ಸವಾರಿ. ಬಿಸಿಲಿನಲ್ಲಿ ದಿನವಿಡೀ ಪ್ರವಾಸಿಗರನ್ನು ಹೊತ್ತು ಹತ್ತುವ ಈ ಪ್ರಾಣಿಗಳ ಸ್ಥಿತಿಯ ಬಗ್ಗೆ ದೂರುಗಳು ಬಂದ ಮೇಲೆ ಗ್ರೀಸ್ ಸರ್ಕಾರ 2018ರಲ್ಲಿ ನಿಯಮ ಮಾಡಿತು. 100 ಕಿಲೋ ಅಥವಾ ಪ್ರಾಣಿಯ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೊರಿಸುವಂತಿಲ್ಲ. ಸವಾರಿ ಇನ್ನೂ ನಡೆಯುತ್ತಿದೆ. ಅತಿಭಾರ ಹೊರಿಸುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಎಣಿಸುವ ಶ್ರಾವಕರಿಗೆ ಇಲ್ಲಿ ಬೇರೆ ವಿವರಣೆ ಬೇಕಿಲ್ಲ.

ವಿಂಧ್ಯಗಿರಿಯ ಮೆಟ್ಟಿಲು ಹತ್ತಿದವರಿಗೆ ಇಲ್ಲಿನ ಮೆಟ್ಟಿಲುಗಳ ಸಂಖ್ಯೆ ಹೆಚ್ಚೆನಿಸದು. ಆದರೆ ಕತ್ತೆಗಳೂ ಅದೇ ದಾರಿಯಲ್ಲಿ ಓಡಾಡುವುದರಿಂದ ಜಾರಿಕೆ, ಸಗಣಿ, ನೂಕಾಟ ಇರುತ್ತದೆ. ಕೇಬಲ್ ಕಾರ್‌ಗೆ ಮೂರು-ನಾಲ್ಕು ಹಡಗು ಬಂದ ದಿನ ಒಂದು ಗಂಟೆಗೂ ಹೆಚ್ಚು ಸರದಿ. ಹಡಗಿನವರ ಎಕ್ಸ್‌ಕರ್ಷನ್‌ಗೆ ಹೋಗುವವರನ್ನು ಸಾಮಾನ್ಯವಾಗಿ ಅಥಿನಿಯೊಸ್ ಎಂಬ ಬೇರೆ ಬಂದರಿನಲ್ಲಿ ಇಳಿಸಿ ಬಸ್ಸಿನಲ್ಲಿ ಮೇಲೆ ಕರೆದೊಯ್ಯುತ್ತಾರೆ. ಟೆಂಡರ್ ದೋಣಿಯಲ್ಲೂ ಅವರಿಗೆ ಮೊದಲ ಆದ್ಯತೆ. ಹಿರಿಯರಿದ್ದರೆ ಇಲ್ಲಿ ಹಡಗಿನವರ ವ್ಯವಸ್ಥೆಯೇ ಮೇಲು. ಇಳಿಯುವಾಗ ಮಾತ್ರ ಕೇಬಲ್ ಕಾರ್‌ನ ಸರದಿ ಎಲ್ಲರಿಗೂ ಒಂದೇ. ಒಂದೂವರೆ ಗಂಟೆ ಮೊದಲೇ ಬಂದು ನಿಲ್ಲುವುದು ಒಳ್ಳೆಯದು.

ಮಧ್ಯಾಹ್ನದ ಊಟ

ಪೂರ್ತಿ ದಿನದ ಎಕ್ಸ್‌ಕರ್ಷನ್‌ಗಳಲ್ಲಿ ಊಟ ಸೇರಿರುವುದುಂಟು. ನಲವತ್ತು ಜನರಿಗೆ ಒಂದೇ ಊಟ. ಸಸ್ಯಾಹಾರ ಎಂದು ಬರೆಸಿದರೂ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೊಟ್ಟೆ ಇರಬಹುದು. ಆದ್ದರಿಂದ ಊಟವಿಲ್ಲದ ಅರ್ಧ ದಿನದ ಪ್ರವಾಸ ಆರಿಸಿ, ಮಧ್ಯಾಹ್ನ ಹಡಗಿಗೆ ಮರಳಿ ಉಣ್ಣುವುದು ಸುಲಭ. ಹತ್ತಿರದ ಬಂದರುಗಳಲ್ಲಿ ಸ್ವಂತವಾಗಿ ಹೋದವರೂ ಹೀಗೆ ಮಾಡಬಹುದು. ಹಡಗಿನ ಅಡುಗೆಯವರಿಗೆ ಜೈನ ಊಟದ ಬಗ್ಗೆ ಕಾಯ್ದಿರಿಸುವಾಗಲೇ ತಿಳಿಸಿ, ಹತ್ತಿದ ದಿನವೇ ಮತ್ತೊಮ್ಮೆ ಹೇಳಬೇಕು.

ಹೊರಗೆ ತಿನ್ನಲೇಬೇಕಾದರೆ ಕೆಲವು ವಿಷಯ ಗೊತ್ತಿರಲಿ. ಇಟಲಿಯ ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅದು ಸಸ್ಯಾಹಾರವಲ್ಲ. ಚೀಸ್ ಇಲ್ಲದ ಮರಿನಾರಾ ಪಿಜ್ಜಾದಲ್ಲಿ ಬೆಳ್ಳುಳ್ಳಿ ಇರುತ್ತದೆ, ಹಾಕಬೇಡಿ ಎಂದು ಹೇಳಬೇಕು. ಸ್ಪೇನ್‌ನ ತೊರ್ತೀಯಾ ಎಂದರೆ ಮೊಟ್ಟೆ-ಆಲೂಗಡ್ಡೆಯದು. ಗ್ರೀಸ್‌ನ ಸಿಹಿತಿಂಡಿಗಳಲ್ಲಿ ಜೇನುತುಪ್ಪ ಸಾಮಾನ್ಯ. ಬೆಳ್ಳುಳ್ಳಿ ಬೇಡ, ಈರುಳ್ಳಿ ಬೇಡ ಎನ್ನಲು ಇಟಲಿಯಲ್ಲಿ ‘ಸೆಂಟ್ಸಾ ಆಲ್ಯೊ, ಸೆಂಟ್ಸಾ ಚಿಪೊಲ್ಲಾ’, ಸ್ಪೇನ್‌ನಲ್ಲಿ ‘ಸಿನ್ ಆಹೊ, ಸಿನ್ ಸೆಬೊಯಾ’ ಎಂದರೆ ಅರ್ಥವಾಗುತ್ತದೆ.

ಅವಲಕ್ಕಿ, ಚಕ್ಕುಲಿ, ಖಾಕ್ರಾ, ಚಟ್ನಿಪುಡಿ ಒಯ್ಯಬಹುದು. ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡೆ ಬೇಡ.

ಅನಸ್ತಮಿತ ಪಾಲಿಸುವವರಿಗೆ

ಜೂನ್‌ನಲ್ಲಿ ನೇಪಲ್ಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ, ಬಾರ್ಸಿಲೋನಾದಲ್ಲಿ ಒಂಬತ್ತೂಕಾಲರ ನಂತರ. ಸಂಜೆ ಆರಕ್ಕೆ ಹಡಗಿಗೆ ಬಂದರೂ, ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಸುವವರಿಗೂ ಸಾಕಷ್ಟು ಸಮಯ ಸಿಗುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಹಾಗಲ್ಲ. ನೇಪಲ್ಸ್‌ನಲ್ಲಿ ಆರೂವರೆಯೊಳಗೇ ಸೂರ್ಯಾಸ್ತ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದರಿಂದ ಆಮೇಲೆ ಇನ್ನೂ ಬೇಗ. ಆ ತಿಂಗಳಲ್ಲಿ ಆರು ಗಂಟೆಗೆ ಮರಳುವ ಎಕ್ಸ್‌ಕರ್ಷನ್ ಹಿಡಿದರೆ ಸಂಜೆಯ ಆಹಾರ ತಪ್ಪಿಹೋಗುತ್ತದೆ. ಮಧ್ಯಾಹ್ನ ಮೂರು-ನಾಲ್ಕಕ್ಕೆ ಮುಗಿಯುವುದನ್ನೇ ಆರಿಸಬೇಕು, ಇಲ್ಲವೇ ಕೈಯಲ್ಲಿ ತಿಂಡಿ ಇರಬೇಕು. ಹಡಗಿನ ಊಟದ ಸರದಿಯಲ್ಲಿ ಮೊದಲನೆಯದನ್ನೇ ಕೇಳಿ ಪಡೆಯಬೇಕು. ಭಾದ್ರಪದದ ದಶಲಕ್ಷಣ ಪರ್ವ ಕ್ರೂಸ್‌ಗಳ ಭರಾಟೆಯ ದಿನಗಳಲ್ಲೇ ಬರುತ್ತದೆ. ಪಂಚಾಂಗ ನೋಡಿ ತಾರೀಖು ಗೊತ್ತುಮಾಡುವುದು ಸೂಕ್ತ.

ಕಾರ್ಯಕ್ರಮ ಪಟ್ಟಿಯನ್ನು ಪೂರ್ತಿ ಓದಿ

ಎಕ್ಸ್‌ಕರ್ಷನ್‌ನ ಪಟ್ಟಿಯಲ್ಲಿ ಅಂಗಡಿ ಭೇಟಿಗಳೂ ಸೇರಿರುತ್ತವೆ. ಟಸ್ಕನಿಯ ಪ್ರವಾಸಗಳಲ್ಲಿ ವೈನ್ ರುಚಿ ನೋಡುವುದು, ಪಾಂಪೆ ದಾರಿಯಲ್ಲಿ ಹವಳ ಮತ್ತು ಚಿಪ್ಪಿನ ಕೆತ್ತನೆಯ ಕಾರ್ಖಾನೆ, ಟರ್ಕಿಯ ಕುಶಾದಸಿಯಲ್ಲಿ ಚರ್ಮದ ಉಡುಪು ಮತ್ತು ಜಮಖಾನದ ಅಂಗಡಿ ಇವೆಲ್ಲ ಸಾಮಾನ್ಯ. ಬಸ್ಸು ಅಲ್ಲಿ ನಿಂತಷ್ಟು ಹೊತ್ತು ನೋಡಬೇಕಾದ ಸ್ಥಳದ ಸಮಯ ಕಡಿಮೆಯಾಗುತ್ತದೆ. ಇಂಥವು ಇಲ್ಲದ ಪ್ರವಾಸವಿದೆಯೇ ಎಂದು ಹಡಗಿನ ಎಕ್ಸ್‌ಕರ್ಷನ್ ಕೌಂಟರಿನಲ್ಲಿ ಕೇಳಬಹುದು.

ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು ಎಂಬ ಗುರುತೂ ಪಟ್ಟಿಯಲ್ಲಿರುತ್ತದೆ. ಪಾಂಪೆಯ ಬೀದಿಗಳು ದೊಡ್ಡ ಉಬ್ಬುತಗ್ಗಿನ ಕಲ್ಲುಗಳವು, ಮಂಡಿನೋವಿನವರಿಗೆ ಹೇಳಿದ್ದಲ್ಲ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿಗೆ ಭುಜ, ಮಂಡಿ ಮುಚ್ಚುವ ಉಡುಪು ಕಡ್ಡಾಯ.

ಖರ್ಚಿನಲ್ಲಿ ಎಕ್ಸ್‌ಕರ್ಷನ್‌ಗೆ ತಲೆಗೆ ಇಷ್ಟೆಂದು ಲೆಕ್ಕ, ಬಾಡಿಗೆ ವ್ಯಾನ್‌ಗೆ ಗಾಡಿಗೆ ಇಷ್ಟೆಂದು ಲೆಕ್ಕ. ಇಬ್ಬರೇ ಇದ್ದರೆ ಬಸ್ಸು ಅಗ್ಗವಾಗಬಹುದು. ಆರೆಂಟು ಜನರ ಕುಟುಂಬ ಒಂದೇ ವ್ಯಾನ್ ಮಾಡಿಕೊಂಡರೆ ಹಲವು ಕಡೆ ಉಳಿತಾಯವಾಗುತ್ತದೆ, ಎಲ್ಲಿ ನಿಲ್ಲಬೇಕು, ಯಾವಾಗ ಉಣ್ಣಬೇಕು ಎಂಬುದೂ ಮನೆಯವರ ಕೈಯಲ್ಲಿರುತ್ತದೆ. ಹಡಗು ಕಾಯುವುದಿಲ್ಲ ಎಂಬ ಮಾತು ವ್ಯಾನ್‌ಗೂ ಅನ್ವಯಿಸುತ್ತದೆ.

ಸ್ವಂತವಾಗಿ ಇಳಿಯುವವರ ಗಮನಕ್ಕೆ

• ಆಲ್ ಅಬೋರ್ಡ್ ಸಮಯಕ್ಕಿಂತ ಕನಿಷ್ಠ ಒಂದೂವರೆ ಗಂಟೆ ಮೊದಲು ಬಂದರು ತಲುಪುವಂತೆ ಲೆಕ್ಕ ಹಾಕಿ. ಊರು ದೂರವಿದ್ದರೆ ಎರಡೂವರೆ ಗಂಟೆ ಇಟ್ಟುಕೊಳ್ಳಿ.

• ಗ್ರೀಸ್‌ನ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದೆ. ಫೋನ್ ತಾನಾಗಿ ಬದಲಾಗುತ್ತದೆ, ಹಡಗಿನ ಸಮಯ ಬದಲಾಗದೆ ಇರಬಹುದು. ಇಳಿಯುವಾಗ ಹಡಗಿನ ಗಡಿಯಾರ ನೋಡಿ ಕೈಗಡಿಯಾರ ಹೊಂದಿಸಿ.

• ಹಡಗಿನ ದಿನಪತ್ರದಲ್ಲಿ ಆಯಾ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಹಡಗು ತಪ್ಪಿದರೆ ಮೊದಲು ಕರೆ ಮಾಡಬೇಕಾದದ್ದು ಅವರಿಗೆ.

• ಹಡಗಿನ ಕಾರ್ಡು, ಪಾಸ್‌ಪೋರ್ಟ್ ಪ್ರತಿ, ಒಂದು ದಿನದ ಔಷಧಿ, ಬ್ಯಾಂಕ್ ಕಾರ್ಡು ಪ್ರತಿಯೊಬ್ಬರ ಕೈಚೀಲದಲ್ಲೂ ಇರಲಿ.

• ಇಟಲಿ, ಫ್ರಾನ್ಸ್, ಸ್ಪೇನ್, ಗ್ರೀಸ್, ಮಾಲ್ಟಾ, 2023ರಿಂದ ಕ್ರೊಯೇಷಿಯಾ ಕೂಡ ಷೆಂಗೆನ್ ವೀಸಾದಡಿ ಬರುತ್ತವೆ. ಟರ್ಕಿ ಬರುವುದಿಲ್ಲ. ಅಲ್ಲಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುವ ಕ್ರೂಸ್ ಆದರೆ ಹಲವು ಬಾರಿ ಪ್ರವೇಶಿಸಬಹುದಾದ ಷೆಂಗೆನ್ ವೀಸಾ ಬೇಕು; ಟರ್ಕಿಯ ವೀಸಾ ಬೇಕೇ ಎಂಬುದನ್ನೂ ಮೊದಲೇ ವಿಚಾರಿಸಿ.

ಕಾಯ್ದಿರಿಸುವ ಮೊದಲು ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಬಂದರುಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ನೋಡುವ ಸ್ಥಳದ ದೂರ, ಮರಳಬೇಕಾದ ಸಮಯ, ಆ ದಿನದ ಸೂರ್ಯಾಸ್ತ, ಮಧ್ಯಾಹ್ನದ ಊಟ ಎಲ್ಲಿ ಎಂಬ ನಾಲ್ಕು ವಿವರ ತುಂಬಬೇಕು. ಎಲ್ಲಿ ಬಸ್ಸು, ಎಲ್ಲಿ ಸ್ವಂತ ನಡಿಗೆ, ಎಲ್ಲಿ ಹಿರಿಯರು ಹಡಗಿನಲ್ಲೇ ವಿಶ್ರಾಂತಿ ಪಡೆಯುವುದು ಒಳ್ಳೆಯದು ಎಂಬುದು ಆ ಹಾಳೆಯಿಂದಲೇ ಗೊತ್ತಾಗುತ್ತದೆ.