ಹಳೆಯ ಕಂಪ್ಯೂಟರಿನ ಹಲ್ಲು ಎಣಿಸುವುದು ಹೇಗೆ?

ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಮಾರುವವನ ಮಾತನ್ನು ಪೂರ್ತಿ ನಂಬುವುದಿಲ್ಲ. ಎತ್ತಿನ ಮೋರೆ ಹಿಡಿದು, ತುಟಿ ಸರಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ಎಂದು ನೋಡಿದ ಮೇಲೆಯೇ ಬೆಲೆಯ ಮಾತು. ನವಲಗುಂದ, ಕುಂದಗೋಳದ ಕರಿನೆಲದ ರೈತನಿಗಾಗಲಿ, ಕಲಘಟಗಿಯ ಭತ್ತದ ಗದ್ದೆಯ ರೈತನಿಗಾಗಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ರೈತ ಮಗಳ ಓದಿಗೆಂದು ಹುಬ್ಬಳ್ಳಿಗೆ ಹೋಗಿ ಬಳಸಿದ ಕಂಪ್ಯೂಟರ್ ಕೊಳ್ಳುವಾಗ ಮಾತ್ರ ಅಂಗಡಿಯವನು ಹೇಳಿದ್ದಕ್ಕೆ ತಲೆಯಾಡಿಸಿ, ದುಡ್ಡು ಎಣಿಸಿ ಬರುತ್ತಾನೆ.

ಕಂಪ್ಯೂಟರಿಗೂ ಹಲ್ಲುಂಟು. ಎಣಿಸುವ ಬಗೆ ಗೊತ್ತಿರಬೇಕು, ಅಷ್ಟೆ. ಕೀಲಿಮಣೆಯ ಕೆಳಸಾಲಿನಲ್ಲಿ ಕಿಟಕಿಯ ಚಿತ್ರವಿರುವ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಆರ್ ಅಕ್ಷರ ಒತ್ತಿದರೆ ‘ರನ್’ ಎಂಬ ಪುಟ್ಟ ಚೌಕ ತೆರೆಯುತ್ತದೆ. ಅದರಲ್ಲಿ ಎಂ, ಎಸ್, ಐ, ಎನ್, ಎಫ್, ಓ, 3, 2 ಎಂದು ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಬೆರಳಚ್ಚಿಸಿ ಎಂಟರ್ ಒತ್ತಬೇಕು. (ಮುಂದೆ ಬರುವ ಆಜ್ಞೆಗಳನ್ನೂ ಹೀಗೆಯೇ ಅಕ್ಷರ ಬಿಡಿಸಿ ಕೊಟ್ಟಿದೆ.) ಯಂತ್ರದ ಜಾತಕವೇ ತೆರೆಯ ಮೇಲೆ ಬರುತ್ತದೆ. ಅದರಲ್ಲಿ ‘ಬಯೋಸ್ ವರ್ಷನ್’ ಎಂಬ ಸಾಲಿನ ಮುಂದೆ ಒಂದು ತಾರೀಖು ಇರುತ್ತದೆ. ಅಂಗಡಿಯವನು “ಮೂರು ವರ್ಷದ್ದು” ಎಂದಿದ್ದು ಇಲ್ಲಿ 2009 ಎಂದಿದ್ದರೆ ಚೌಕಾಸಿಯನ್ನು ಮತ್ತೆ ಮೊದಲಿನಿಂದ ಶುರುಮಾಡಬಹುದು. ನಡುವೆ ಯಾರಾದರೂ ಬಯೋಸನ್ನು ನವೀಕರಿಸಿದ್ದರೆ ಯಂತ್ರ ಆ ತಾರೀಖಿಗಿಂತಲೂ ಹಳೆಯದಿರಬಹುದು. ಅಲ್ಲಿಯೇ ಸ್ವಲ್ಪ ಕೆಳಗೆ ಸ್ಮರಣೆ ಎಷ್ಟು, ಅಂದರೆ ರ‍್ಯಾಮ್ ಎಷ್ಟು ಎಂಬ ಲೆಕ್ಕವೂ ಸಿಗುತ್ತದೆ.

ಹಲ್ಲಾಯಿತು, ಇನ್ನು ಗೊರಸು. ರನ್ ಚೌಕದಲ್ಲಿ ಸಿ, ಎಂ, ಡಿ ಎಂದು ಕೊಟ್ಟರೆ ಕಪ್ಪು ತೆರೆ ಬರುತ್ತದೆ. ಹಳಬರು ಡಾಸ್ ತೆರೆ ಎಂದೇ ಕರೆಯುವುದು ಇದನ್ನು. ಇಲ್ಲಿ ಸಿ, ಎಚ್, ಕೆ, ಡಿ, ಎಸ್, ಕೆ ಎಂದು ಕೊಟ್ಟರೆ ಹಾರ್ಡ್ ಡಿಸ್ಕಿನ ತಪಾಸಣೆ ನಡೆದು ಕೊನೆಗೆ ಒಂದು ವರದಿ ಮೂಡುತ್ತದೆ. ‘ಬ್ಯಾಡ್ ಸೆಕ್ಟರ್ಸ್’ ಎಂಬ ಸಾಲಿನಲ್ಲಿ ಸೊನ್ನೆ ಇದ್ದರೆ ಸದ್ಯಕ್ಕೆ ನೆಮ್ಮದಿ. ಸೊನ್ನೆ ಇಲ್ಲದಿದ್ದರೆ ಡಿಸ್ಕಿನ ಒಂದು ಭಾಗ ಈಗಾಗಲೇ ಸತ್ತಿದೆ ಎಂದರ್ಥ. ವಿಂಡೋಸ್ 7ರಲ್ಲಿ ಈ ಕಪ್ಪು ತೆರೆಯನ್ನು ಇಲಿಯ ಬಲಗುಂಡಿ ಒತ್ತಿ ‘ಅಡ್ಮಿನಿಸ್ಟ್ರೇಟರ್’ ಆಗಿ ತೆರೆದರೆ ಮಾತ್ರ ಆಜ್ಞೆ ನಡೆಯುತ್ತದೆ.

ಯಾವ ವಿಂಡೋಸ್ ಎಂದು ತಿಳಿಯಲು ಡಬ್ಲ್ಯು, ಐ, ಎನ್, ವಿ, ಇ, ಆರ್ ಸಾಕು. ಈ ಉತ್ತರವನ್ನು ತಂದೆತಾಯಂದಿರು ಗಮನವಿಟ್ಟು ಓದಬೇಕು. 2001ರಲ್ಲಿ ಬಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ರಕ್ಷಣೆ ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಅದೇ ಗತಿಯಾಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ರಕ್ಷಣೆ ನಿಂತ ಯಂತ್ರ ಕೆಟ್ಟುಹೋಗುವುದಿಲ್ಲ, ಬಾಗಿಲ ಚಿಲಕ ಕಳಚಿದ ಮನೆಯಂತಾಗುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಜಗತ್ತಿನ ಲಕ್ಷಾಂತರ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದಾಗ ಅದು ನುಗ್ಗಿದ್ದು ರಕ್ಷಣೆಯ ನವೀಕರಣ ಹಾಕಿಕೊಳ್ಳದೆ ಚಿಲಕ ಸಡಿಲವಾಗಿದ್ದ ಬಾಗಿಲುಗಳಿಂದಲೇ. ಆದ್ದರಿಂದ ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಅರ್ಜಿ, ಬ್ಯಾಂಕು, ಆಧಾರ್ ಸಂಖ್ಯೆ, ಓಟಿಪಿ ಇವೆಲ್ಲ ಎಕ್ಸ್‌ಪಿ ಅಥವಾ ವಿಂಡೋಸ್ 7ರ ಮುಂದೆ ಬೇಡವೇ ಬೇಡ. ಇಂಟರ್‌ನೆಟ್ ತಂತಿಯನ್ನು ಜೋಡಿಸದೆಯೇ ಇಡುವುದು ಲೇಸು. ತಂತಿ ಇಲ್ಲದೆಯೂ ಈ ಹಳೆಯ ಪೆಟ್ಟಿಗೆಯಲ್ಲಿ ಕಲಿಯಲಿಕ್ಕೆ ಬೇಕಾದಷ್ಟಿದೆ.

ಹಾಗೆ ನೋಡಿದರೆ ಹಳ್ಳಿಗರಿಗೆ ಕಂಪ್ಯೂಟರಿನ ಪರಿಚಯ ಆದದ್ದೇ ಇಂಥ ಪೆಟ್ಟಿಗೆಗಳಿಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗೆ ಬಂದಾಗ ರೈತರು 15 ರೂಪಾಯಿ ಕೊಟ್ಟು ಗಣಕದಿಂದ ಹೊರಬಿದ್ದ ಪಹಣಿಯನ್ನು ಮಡಚಿ ಕಿಸೆಗೆ ಇಟ್ಟುಕೊಂಡರು. 2001-02ರಲ್ಲಿ ಶುರುವಾದ ‘ಮಾಹಿತಿ ಸಿಂಧು’ ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ಕೀಲಿಮಣೆ ಮುಟ್ಟಿಸಿತು.

ಹಳೆಯ ಯಂತ್ರದಲ್ಲಿ ಮೊದಲು ಕೈಕೊಡುವುದು ಇಲಿ. ಬಾಣ ಅಲ್ಲಾಡುವುದಿಲ್ಲ, ಮಗು ಕೈಕಟ್ಟಿ ಕೂರುತ್ತದೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್‌ಲಾಕ್, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದು ಪ್ರಶ್ನೆ ಬರುತ್ತದೆ. ಎಂಟರ್ ಒತ್ತಿ ಒಪ್ಪಿಕೊಂಡರೆ ಬಲಬದಿಯ ಅಂಕಿಗಳೇ ಇಲಿಯಾಗುತ್ತವೆ. 8 ಮೇಲೆ, 2 ಕೆಳಗೆ, 4 ಎಡಕ್ಕೆ, 6 ಬಲಕ್ಕೆ. 5 ಒತ್ತಿದರೆ ಒಂದು ಕ್ಲಿಕ್, ಕೂಡಿಸುವ ಚಿಹ್ನೆ ಒತ್ತಿದರೆ ಜೋಡಿ ಕ್ಲಿಕ್. ಕೈ ನಡುಗುವವರಿಗೆ, ಇಲಿ ಹಿಡಿಯಲಾಗದವರಿಗೆ ಅನುಕೂಲವಾಗಲೆಂದು ಮಾಡಿಟ್ಟ ಸೌಲಭ್ಯವಿದು. ಲ್ಯಾಬಿನಲ್ಲಿ ಇಲಿಗಿಂತ ಮಕ್ಕಳು ಹೆಚ್ಚಿರುವ ಶಾಲೆಗೂ ಒದಗುತ್ತದೆ.

ಎರಡನೆಯ ಕಾಟ ಕರೆಂಟಿನದು. ಅರ್ಧ ಗಂಟೆ ಬೆರಳಚ್ಚು ಮಾಡಿದ ಪ್ರಬಂಧ ಒಂದು ಕ್ಷಣದಲ್ಲಿ ಹೋಗಿಬಿಡುತ್ತದೆ. ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಬರೆದದ್ದು ಉಳಿಯುತ್ತದೆ ಎಂಬುದು ಗುಟ್ಟೇನಲ್ಲ. ಆದರೆ ಪ್ರತಿ ಪೂರ್ಣವಿರಾಮಕ್ಕೂ ಒಮ್ಮೆ ಒತ್ತುವ ಚಟ ಹಿಡಿದವರು ಎಷ್ಟು ಮಂದಿ? ಕಂಟ್ರೋಲ್ ಮತ್ತು ಜೆಡ್ ಬರವಣಿಗೆಯ ತಪ್ಪನ್ನು ಮಾತ್ರ ಅಳಿಸುತ್ತದೆಂದು ಅನೇಕರು ತಿಳಿದಿದ್ದಾರೆ. ಇಲಿ ಜಾರಿ ಒಂದು ಫೋಲ್ಡರ್ ಇನ್ನೊಂದರೊಳಗೆ ಬಿದ್ದು ‘ಕಳೆದುಹೋದಾಗ’ ಕೂಡಲೇ ಅದೇ ಎರಡು ಕೀಲಿ ಒತ್ತಿದರೆ ಫೋಲ್ಡರ್ ಮರಳಿ ಸ್ವಸ್ಥಾನಕ್ಕೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಸಂಕಟ ಪೆನ್‌ಡ್ರೈವ್‌ನದು. ಅಣ್ಣಿಗೇರಿಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಾಳೆ ಒಪ್ಪಿಸಬೇಕಾದ ಪ್ರಾಜೆಕ್ಟನ್ನು ಮುದ್ರಿಸಿಕೊಳ್ಳಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದಳೆನ್ನಿ. ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕುಳಿತಿವೆ. ವೈರಸ್ ಎಲ್ಲವನ್ನೂ ತಿಂದುಹಾಕಿತು ಎಂದು ಅಳುತ್ತ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡುವವರೇ ಹೆಚ್ಚು. ಹಾಗೆ ಮಾಡಿದರೆ ನಿಜಕ್ಕೂ ಹೋಯಿತು. ಸಾಮಾನ್ಯವಾಗಿ ಈ ಜಾತಿಯ ವೈರಸ್ ಕಡತಗಳನ್ನು ಅಳಿಸಿರುವುದಿಲ್ಲ, ಅವುಗಳ ಮೇಲೆ ‘ಗುಪ್ತ’ ಎಂಬ ಚೀಟಿ ಅಂಟಿಸಿರುತ್ತದೆ. ಚೀಟಿ ಕಿತ್ತರೆ ಸಾಕು.

ಬಾಣದ ಗುರುತಿನ ಯಾವುದನ್ನೂ ಕ್ಲಿಕ್ಕಿಸಬೇಡಿ. ಕಪ್ಪು ತೆರೆ ತೆರೆದು ಪೆನ್‌ಡ್ರೈವಿನ ಅಕ್ಷರವನ್ನೂ ಅದರ ಮುಂದೆ ಎರಡು ಚುಕ್ಕೆಗಳ ವಿವರಣ ಚಿಹ್ನೆಯನ್ನೂ ಕೊಟ್ಟು ಎಂಟರ್ ಒತ್ತಿ. ಅಕ್ಷರ ಜಿ ಎಂದಾದರೆ ‘ಜಿ:’. ಮುಂದಿನ ಸಾಲಿನಲ್ಲಿ ಎ, ಟಿ, ಟಿ, ಆರ್, ಐ, ಬಿ ಎಂದು ಬರೆದು ಒಂದು ಜಾಗ ಬಿಡಿ. ಅಡ್ಡಗೆರೆ ಮತ್ತು ಎಚ್, ಜಾಗ. ಅಡ್ಡಗೆರೆ ಮತ್ತು ಎಸ್, ಜಾಗ. ನಕ್ಷತ್ರ, ಚುಕ್ಕೆ, ನಕ್ಷತ್ರ, ಅಂದರೆ ‘*.*’, ಜಾಗ. ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯ ಓರೆಗೆರೆ ಮತ್ತು ಎಸ್, ಜಾಗ. ಓರೆಗೆರೆ ಮತ್ತು ಡಿ. ಎಂಟರ್. ಎಚ್ ಎಂದರೆ ಹಿಡನ್, ಎಸ್ ಎಂದರೆ ಸಿಸ್ಟಮ್, ಅಡ್ಡಗೆರೆ ಎಂದರೆ ತೆಗೆದುಹಾಕು. ಓರೆಗೆರೆಯ ಎಸ್ ಒಳಗಿನ ಫೋಲ್ಡರುಗಳಿಗೂ ಇಳಿ ಎನ್ನುತ್ತದೆ, ಡಿ ಫೋಲ್ಡರುಗಳನ್ನೂ ಬಿಡಬೇಡ ಎನ್ನುತ್ತದೆ. ಅರ್ಧ ನಿಮಿಷದಲ್ಲಿ ಪ್ರಾಜೆಕ್ಟ್ ಕಣ್ಣಿಗೆ ಬೀಳುತ್ತದೆ. ಅದನ್ನು ನಕಲು ಮಾಡಿಕೊಂಡು, ಶಾರ್ಟ್‌ಕಟ್‌ಗಳನ್ನು ಅಳಿಸಿ, ಪೆನ್‌ಡ್ರೈವನ್ನೂ ಯಂತ್ರವನ್ನೂ ವೈರಸ್ ನಿರೋಧಕದಿಂದ ಪರೀಕ್ಷಿಸಬೇಕು. ಎಕ್ಸ್‌ಪಿಯಲ್ಲಿ ಇನ್ನೂ ಒಂದು ಮುನ್ನೆಚ್ಚರಿಕೆ ಉಂಟು. ಪೆನ್‌ಡ್ರೈವ್ ಚುಚ್ಚುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದಿದ್ದರೆ ಅದರೊಳಗಿನ ಯಾವುದೂ ತಾನಾಗಿ ಓಡಲಾರದು.

ಇನ್ನು ಕನ್ನಡ. ಹಳೆಯ ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂಬ ನಂಬಿಕೆ ಅರ್ಧ ಸುಳ್ಳು. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ ಕನ್ನಡ ಕೀಲಿಮಣೆಯೂ ಇವೆ, ಬಾಗಿಲು ಮಾತ್ರ ಹಾಕಿದೆ. ಕಂಟ್ರೋಲ್ ಪ್ಯಾನೆಲ್‌ನ ‘ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್’ ತೆರೆದು, ಲ್ಯಾಂಗ್ವೇಜಸ್ ಹಾಳೆಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದಿರುವ ಚೌಕಕ್ಕೆ ಗುರುತು ಹಾಕಬೇಕು. ಎಕ್ಸ್‌ಪಿಯ ಸಿ.ಡಿ. ಕೇಳುತ್ತದೆ, ಯಂತ್ರ ಒಮ್ಮೆ ಆರಿ ಹೊತ್ತುತ್ತದೆ. ಆಮೇಲೆ ಅದೇ ಹಾಳೆಯ ‘ಡೀಟೇಲ್ಸ್’ ಒಳಗೆ ಕನ್ನಡವನ್ನು ಸೇರಿಸಿದರಾಯಿತು. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒತ್ತಿದಾಗಲೆಲ್ಲ ಇಂಗ್ಲಿಷ್ ಹೋಗಿ ಕನ್ನಡ, ಕನ್ನಡ ಹೋಗಿ ಇಂಗ್ಲಿಷ್. ಈ ಕೀಲಿಮಣೆ ಇನ್‌ಸ್ಕ್ರಿಪ್ಟ್ ಎಂಬ ಜಾತಿಯದು. ಇದರಲ್ಲಿ ಎಚ್, ಎಕ್ಸ್, ಎಚ್ ಎಂದು ಮೂರು ಬಾರಿ ಬೆರಳಾಡಿಸಿದರೆ ಅಣ್ಣಿಗೇರಿಯ ‘ಪಂಪ’ ಮೂಡುತ್ತಾನೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ನುಡಿ’ ಕೀಲಿಮಣೆಯಲ್ಲಾದರೆ ಪಿ, ಶಿಫ್ಟ್ ಜೊತೆ ಎಂ, ಮತ್ತೆ ಪಿ.

ಯಾವ ಕೀಲಿಮಣೆಯೂ ಕೈಗೆ ಹತ್ತದಿದ್ದಾಗ ಒಂದು ಮಾಟವಿದೆ. ವರ್ಡ್‌ಪ್ಯಾಡ್ ತೆರೆದು 0, ಸಿ, 9, 5 ಎಂದು ಬರೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಆ ನಾಲ್ಕೂ ಗುರುತುಗಳು ಕರಗಿ ‘ಕ’ ಆಗುತ್ತವೆ. 5ರ ಬದಲು 6 ಆದರೆ ‘ಖ’, 7 ಆದರೆ ‘ಗ’. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯುನಿಕೋಡ್ ಪಟ್ಟಿಯಲ್ಲಿ ನಮ್ಮ ವರ್ಣಮಾಲೆ ಬಾಲವಾಡಿಯ ಕ್ರಮದಲ್ಲೇ ಕುಳಿತಿದೆ. ಕ್ಯಾಲ್ಕುಲೇಟರನ್ನು ಎಕ್ಸ್‌ಪಿಯಲ್ಲಿ ‘ಸೈಂಟಿಫಿಕ್’ಗೆ, ವಿಂಡೋಸ್ 7ರಲ್ಲಿ ‘ಪ್ರೋಗ್ರಾಮರ್’ಗೆ ತಿರುಗಿಸಿ, ‘ಹೆಕ್ಸ್’ನಲ್ಲಿ ಸಿ95 ಕೊಟ್ಟು ‘ಡೆಸಿಮಲ್’ಗೆ ದಾಟಿಸಿದರೆ 3221 ಬರುತ್ತದೆ. ‘ಕ’ ಅಕ್ಷರ ಯಂತ್ರಕ್ಕೆ ಕಾಣುವುದು ಹೀಗೆ. ಹದಿನಾರರ ಮೂಲದ ಎಣಿಕೆಯನ್ನು ಕರಿಹಲಗೆಯ ಮೇಲೆ ಬಿಡಿಸುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಈ ಸಂಖ್ಯೆ ಗೊತ್ತಾದರೆ ಇನ್ನೊಂದು ಗೋಳಿನ ಕಾರಣವೂ ಗೊತ್ತಾಗುತ್ತದೆ. ಶಾಲೆಯಲ್ಲಿ ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಪ್ರಬಂಧ ಜೆರಾಕ್ಸ್ ಅಂಗಡಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಕಡತ ಕೆಟ್ಟಿಲ್ಲ. ಆ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ವೇಷ ತೊಡಿಸಿದ್ದವು. ವೇಷದ ಪೆಟ್ಟಿಗೆ ಅಂಗಡಿಯ ಯಂತ್ರದಲ್ಲಿಲ್ಲ, ಅಷ್ಟೆ. ಯುನಿಕೋಡ್‌ನಲ್ಲಿ ಬರೆದದ್ದಕ್ಕೆ ಈ ತಾಪತ್ರಯವಿಲ್ಲ.

ಎಕ್ಸ್‌ಪಿ ಕಾಲದ ಲ್ಯಾಬುಗಳಲ್ಲಿ ದೆವ್ವದ ಕತೆಯಂತೆ ಹಬ್ಬಿದ್ದ ಒಂದು ಚಮತ್ಕಾರವೂ ಇಂಥದ್ದೇ. ನೋಟ್‌ಪ್ಯಾಡಿನಲ್ಲಿ ‘ಬುಷ್ ಹಿಡ್ ದಿ ಫ್ಯಾಕ್ಟ್ಸ್’ ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಉಳಿಸಿ, ಮುಚ್ಚಿ ತೆರೆದರೆ ವಾಕ್ಯ ಹೋಗಿ ಒಂಬತ್ತು ಖಾಲಿ ಚೌಕಗಳು! ಅಮೆರಿಕದ ಅಧ್ಯಕ್ಷರ ರಹಸ್ಯವಂತೆ ಎಂದು ಹುಡುಗರು ಪಿಸುಗುಟ್ಟಿದ್ದುಂಟು. ರಹಸ್ಯ ಗಣಿತದ್ದು. ಜಾಗಗಳೂ ಸೇರಿ ಅಲ್ಲಿರುವುದು ಹದಿನೆಂಟು ಗುರುತು. ನೋಟ್‌ಪ್ಯಾಡ್ ಎರಡೆರಡನ್ನು ಜೋಡಿಸಿ ಒಂದೊಂದು ಚೀನೀ ಅಕ್ಷರವೆಂದು ತಪ್ಪಾಗಿ ಊಹಿಸಿತು. ವಿಸ್ತಾದಲ್ಲಿ ಈ ತಪ್ಪನ್ನು ತಿದ್ದಿದರು. ‘ಸಿ, ಓ, ಎನ್’ ಎಂಬ ಹೆಸರಿನ ಫೋಲ್ಡರ್ ಮಾಡಲಾಗದು ಎಂಬ ವಿಸ್ಮಯಕ್ಕೂ ಭೂತ ಕಾರಣವಲ್ಲ. ಡಾಸ್ ಕಾಲದಿಂದ ಅದು ಕೀಲಿಮಣೆ ಮತ್ತು ತೆರೆಗೆ ಕಾದಿಟ್ಟ ಹೆಸರು.

ನೋಟ್‌ಪ್ಯಾಡಿನಲ್ಲಿ ಉಪಯೋಗಕ್ಕೆ ಬರುವ ಗುಟ್ಟು ಬೇರೆಯೇ ಇದೆ. ಮೊದಲ ಸಾಲಿನಲ್ಲಿ ಚುಕ್ಕೆ ಇಟ್ಟು ದೊಡ್ಡ ಅಕ್ಷರದಲ್ಲಿ ಎಲ್, ಓ, ಜಿ ಎಂದು ಬರೆದು ಉಳಿಸಿದರೆ, ಆ ಕಡತ ತೆರೆದಾಗಲೆಲ್ಲ ಕೊನೆಯಲ್ಲಿ ಅಂದಿನ ತಾರೀಖು, ವೇಳೆ ತಾವಾಗಿ ಬೀಳುತ್ತವೆ. ಹೆಸರು ಬಿತ್ತಿದ್ದೆಂದು, ಗೊಬ್ಬರಕ್ಕೆ ಕೊಟ್ಟದ್ದೆಷ್ಟು, ಮಳೆ ಬಂದದ್ದು ಯಾವಾಗ ಎಂದು ಅಪ್ಪ ಹೇಳಿದಂತೆ ಮಗ ಬರೆದಿಡಲು ಇದು ಸಾಕು.

ಒಂದು ಪುಟ್ಟ ಕಾರ್ಯಕ್ರಮ ಉಳಿಯಿತು. ರನ್ ಚೌಕದಲ್ಲಿ ಇ, ಯು, ಡಿ, ಸಿ, ಇ, ಡಿ, ಐ, ಟಿ ಎಂದು ಕೊಟ್ಟು ನೋಡಿ. ಚೌಕುಳಿ ಹಾಳೆಯೊಂದು ತೆರೆಯುತ್ತದೆ. ಒಂದೊಂದು ಚೌಕ ತುಂಬುತ್ತ ನಿಮ್ಮದೇ ಅಕ್ಷರವನ್ನೋ ಚಿತ್ರವನ್ನೋ ಅದರಲ್ಲಿ ಬಿಡಿಸಬಹುದು. ನವಲಗುಂದದ ಹೆಣ್ಣುಮಕ್ಕಳು ಜಮಖಾನೆಯ ಮಗ್ಗದಲ್ಲಿ ಬಣ್ಣದ ನೂಲು ಎಣಿಸಿ ನವಿಲು ಮೂಡಿಸುವುದೂ ಇದೇ ಲೆಕ್ಕದಲ್ಲಿ. ಆ ನವಿಲನ್ನು ಇಲ್ಲಿ ಬಿಡಿಸಿ ಉಳಿಸಿದರೆ ಅದೂ ಒಂದು ಅಕ್ಷರವಾಗುತ್ತದೆ. ಕ್ಯಾರೆಕ್ಟರ್ ಮ್ಯಾಪ್‌ನಿಂದ ಎತ್ತಿ ಪ್ರಬಂಧದ ನಡುವೆ ಕೂರಿಸಬಹುದು. ಇದು ಬಿಡಿಸಿದ ಯಂತ್ರದಲ್ಲಿ ಮಾತ್ರ ಕಾಣುವ ನವಿಲು. ಗೆಳತಿಯ ಕಂಪ್ಯೂಟರಿನಲ್ಲಿ ಆ ಜಾಗಕ್ಕೆ ಖಾಲಿ ಚೌಕವೊಂದು ಬಂದು ಕೂರುತ್ತದೆ.