ನೀರಿನ ತಳ ಓದುವ ಯಂತ್ರ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅದೇ ತಾಲ್ಲೂಕಿನ ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯವಿದೆ. ಹೇರೂರಿನ ಬಳಿ ಬೆಣ್ಣೆತೊರಾ, ಆಳಂದ ತಾಲ್ಲೂಕಿನಲ್ಲಿ ಅಮರ್ಜಾ, ಚಿಂಚೋಳಿಯಲ್ಲಿ ಚಂದ್ರಂಪಳ್ಳಿ: ಬಿಸಿಲ ಜಿಲ್ಲೆ ಎನಿಸಿಕೊಂಡರೂ ಕಲಬುರಗಿಗೆ ನೀರಿನ ಹರವು ಕಡಿಮೆಯೇನಿಲ್ಲ. ಇವೆಲ್ಲ ನೀರಾವರಿಗೆಂದು ಕಟ್ಟಿದ ಜಲಾಶಯಗಳು, ಮೀನುಗಾರಿಕೆ ಆಮೇಲೆ ಬಂದದ್ದು. ಕಣಿವೆಗೆ ನೀರು ತುಂಬಿದಾಗ ಹೊಲದ ಒಡ್ಡು, ಬಾವಿ, ಜಾಲಿ ಗಿಡ, ಹಳ್ಳದ ಹಳೆಯ ಪಾತ್ರ ಎಲ್ಲವೂ ಅಡಿಯಲ್ಲೇ ಉಳಿದುಬಿಡುತ್ತವೆ. ಹರಿಗೋಲಿನಲ್ಲಿ ಹೋಗಿ ಬಲೆ ಬಿಡುವವರಿಗೆ ಇದು ದಿನನಿತ್ಯದ ಸಂಕಟ. "ನೀರಾಗ ಜಾಲಿ ಗಿಡ ಅದಾವ್ರೀ, ಅಲ್ಲಿ ಬಲಿ ಬಿಟ್ರ ಹರದ ಹೋಗ್ತದ" ಎಂಬ ಮಾತು ಈ ಕಡೆಯ ಯಾವ ದಂಡೆಯಲ್ಲಿ ನಿಂತರೂ ಕಿವಿಗೆ ಬೀಳುವಂಥದ್ದು.

ಮೊದಲ ಬಾರಿಗೆ ಫಿಶ್ ಫೈಂಡರ್ ಕೊಳ್ಳಬೇಕೆಂದಿರುವವರು ಈ ಮಾತಿನಿಂದ ಲೆಕ್ಕ ಶುರು ಮಾಡುವುದು ಒಳ್ಳೆಯದು. ಹೆಸರು ಮೀನು ಹುಡುಕುವ ಯಂತ್ರವೆಂದಿದ್ದರೂ ನಮ್ಮ ಜಲಾಶಯಗಳಲ್ಲಿ ಅದರ ಮುಖ್ಯ ಕೆಲಸ ತಳ ತೋರಿಸುವುದು. ತಳ ಗೊತ್ತಾದವರಿಗೆ ಮೀನಿನ ಜಾಗವನ್ನು ಊಹಿಸುವುದು ಕಷ್ಟವಲ್ಲ.

ಯಂತ್ರದ ಜೀವ ಇರುವುದು ನೀರಿಗೆ ಇಳಿಬಿಡುವ ಟ್ರಾನ್ಸ್‌ಡ್ಯೂಸರ್‌ನಲ್ಲಿ. ಅದರೊಳಗಿನ ಪಿಂಗಾಣಿ ಬಿಲ್ಲೆಗೆ ವಿದ್ಯುತ್ ಹರಿಸಿದರೆ ಅದು ಕಂಪಿಸಿ ಶಬ್ದ ಹೊರಡಿಸುತ್ತದೆ. ಮರಳಿ ಬಂದ ಶಬ್ದ ತಾಗಿದರೆ ಅದೇ ಬಿಲ್ಲೆ ವಿದ್ಯುತ್ ಹುಟ್ಟಿಸುತ್ತದೆ. ಒತ್ತಡದಿಂದ ಹರಳುಗಳಲ್ಲಿ ವಿದ್ಯುತ್ ಹುಟ್ಟುವುದನ್ನು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಪಾಲ್ ಲಾಂಜೆವಾ ಇದನ್ನೇ ಬಳಸಿದರು. 1948ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಫುರುನೊ ಸಹೋದರರು ಅದನ್ನು ಮೀನುಗಾರರ ದೋಣಿಗೆ ತಂದರು. ಯುದ್ಧಕ್ಕೆಂದು ಹುಟ್ಟಿದ ಒಂದು ಉಪಕರಣ ಅನ್ನದ ದಾರಿಗೆ ಬಂದ ಈ ಕಥೆ ನನಗೆ ಬಹಳ ಇಷ್ಟ.

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿ ಇರುವುದರ ನಾಲ್ಕು ಪಟ್ಟಿಗಿಂತ ಹೆಚ್ಚು. 15 ಮೀಟರ್ ಆಳದ ತಳಕ್ಕೆ ಹೋಗಿ ಬರಲು ಶಬ್ದಕ್ಕೆ ಬೇಕಾದದ್ದು ಸೆಕೆಂಡಿನ ಐವತ್ತನೇ ಒಂದು ಪಾಲು. ಆ ಸಮಯವನ್ನು ಅಳೆದು ಯಂತ್ರ ಆಳ ಹೇಳುತ್ತದೆ. ನೀರು ಬಿಸಿಯಾದಷ್ಟೂ ವೇಗ ತುಸು ಹೆಚ್ಚುತ್ತದೆ: 20 ಡಿಗ್ರಿಯಲ್ಲಿ ಸುಮಾರು 1,482 ಮೀಟರ್, 30 ಡಿಗ್ರಿಯಲ್ಲಿ ಸುಮಾರು 1,509. ಹದಿನೈದು ಮೀಟರ್ ಆಳದಲ್ಲಿ ಇದರಿಂದಾಗುವ ವ್ಯತ್ಯಾಸ ಒಂದು ಅಡಿಯೂ ಇಲ್ಲ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೀನು ಪರದೆಯ ಮೇಲೆ ಕಾಣುವುದು ಅದರ ಮಾಂಸದಿಂದಲ್ಲ. ಮಾಂಸದ ಸಾಂದ್ರತೆ ನೀರಿನದಕ್ಕೆ ಹತ್ತಿರವಿರುವುದರಿಂದ ಶಬ್ದ ಬಹುಪಾಲು ಹಾಗೇ ತೂರಿ ಹೋಗುತ್ತದೆ. ನೀರು ಮತ್ತು ಗಾಳಿ ಸೇರುವ ಕಡೆ ಮಾತ್ರ ಶಬ್ದ ಗೋಡೆಗೆ ಬಡಿದಂತೆ ಹಿಂದಿರುಗುತ್ತದೆ. ಮೀನು ತೇಲಲು ಹೊಟ್ಟೆಯೊಳಗೆ ಇಟ್ಟುಕೊಂಡ ಗಾಳಿಚೀಲವೇ ಪ್ರತಿಧ್ವನಿಯ ಹೆಚ್ಚಿನ ಪಾಲನ್ನು ಕೊಡುವುದು. ಗಾಳಿಚೀಲ ಇಲ್ಲದ ಸಿಗಡಿ ಪಕ್ಕದಲ್ಲೇ ಹಾದುಹೋದರೂ ಇಂಥ ಯಂತ್ರಕ್ಕೆ ಕಾಣುವುದು ಕಷ್ಟ. ಇದೇ ಕಾರಣಕ್ಕೆ ಟ್ರಾನ್ಸ್‌ಡ್ಯೂಸರ್‌ನ ಮುಖಕ್ಕೆ ಗಾಳಿಗುಳ್ಳೆ ಅಂಟಿಕೊಂಡರೆ ಯಂತ್ರ ಕುರುಡಾಗುತ್ತದೆ.

ಇನ್ನು ಅಂಗಡಿಯವರು ಬಾಯಿಬಿಟ್ಟು ಹೇಳದ ಸಂಗತಿಗೆ ಬರೋಣ. ಶಬ್ದ ಕೆಳಗೆ ಹೋಗುವುದು ಶಂಕುವಿನ ಆಕಾರದಲ್ಲಿ. ಸಿಹಿನೀರಿಗೆ ಹೊಂದುವ 200 ಕಿಲೋಹರ್ಟ್ಸ್ ಶಬ್ದಕ್ಕೆ ಈ ಶಂಕು ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸು. ಅಂದರೆ ಹತ್ತು ಮೀಟರ್ ಆಳದಲ್ಲಿ ಯಂತ್ರ ನೋಡುವ ವೃತ್ತದ ಅಗಲ ಮೂರೂವರೆ ಮೀಟರ್, ಮೂರು ಮೀಟರ್ ಆಳದಲ್ಲಿ ಬರೀ ಒಂದು ಮೀಟರ್. ಮೇಲಿನ ಒಂದು ಮೀಟರ್ ನೀರಿನಲ್ಲಂತೂ ಒಂದು ಮೊಳ ಅಗಲವೂ ಇಲ್ಲ. ಈಗ ನಮ್ಮ ಜಲಾಶಯಗಳಿಗೆ ಬಿತ್ತುವ ಮೀನುಗಳನ್ನು ನೆನಪಿಗೆ ತಂದುಕೊಳ್ಳಿ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುವ ಮೀನು, ರೋಹು ನಡುನೀರಿನದು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದವು. ತೂಕ ಬರುವ ಕಾಟ್ಲಾ ಇರುವ ಜಾಗದಲ್ಲೇ ಯಂತ್ರದ ನೋಟ ಅತಿ ಕಿರಿದು. ಮೇಲಾಗಿ ಹುಟ್ಟಿನ ಸದ್ದಿಗೆ ಕಾಟ್ಲಾ ಪಕ್ಕಕ್ಕೆ ಸರಿದಿರುತ್ತದೆ. "ಮೀನೇ ತೋರಿಸುವುದಿಲ್ಲ" ಎಂದು ಯಂತ್ರವನ್ನು ಬೈಯುವವರು ಬಹುಮಟ್ಟಿಗೆ ಈ ಜ್ಯಾಮಿತಿಯನ್ನು ಬೈಯುತ್ತಿರುತ್ತಾರೆ.

ಹಾಗಾಗಿ ಮೊದಲ ತೀರ್ಮಾನ ಇದು: ನಾಲ್ಕೈದು ಮೀಟರ್ ಆಳದ ಊರ ಕೆರೆಗೆ ಫಿಶ್ ಫೈಂಡರ್ ಬೇಡ. ಹಗ್ಗಕ್ಕೆ ಗಂಟು ಹಾಕಿ ಕಲ್ಲು ಕಟ್ಟಿ ಇಳಿಬಿಟ್ಟರೆ ಅಲ್ಲಿ ಸಾಕಷ್ಟು ತಿಳಿಯುತ್ತದೆ. ದುಡ್ಡು ಹಾಕುವುದಾದರೆ ಗಂಡೋರಿ ನಾಲಾ, ಬೆಣ್ಣೆತೊರಾದಂಥ ಜಲಾಶಯಗಳಿಗೆ ಹಾಕಬೇಕು.

ಅಲ್ಲಿ ಪರದೆಯನ್ನು ಓದುವ ಬಗೆ ಹೀಗೆ. ಬಲ ತುದಿಯ ಗೆರೆ ಈ ಕ್ಷಣದ್ದು, ಎಡಕ್ಕೆ ಸರಿದದ್ದೆಲ್ಲ ಆಗಲೇ ದಾಟಿ ಬಂದ ನೀರು. ಕಲ್ಲುನೆಲವಾದರೆ ತಳದ ಗೆರೆ ದಪ್ಪಗೆ, ಗಾಢವಾಗಿ ಬೀಳುತ್ತದೆ; ಶಬ್ದ ಎರಡು ಸಲ ಪುಟಿದು, ಎರಡರಷ್ಟು ಆಳದಲ್ಲಿ ಇನ್ನೊಂದು ಮಸುಕು ತಳ ಮೂಡುವುದೂ ಉಂಟು. ನಮ್ಮ ಕರಿಮಣ್ಣಿನ ಕೆಸರು ಶಬ್ದವನ್ನು ಹೀರಿಕೊಳ್ಳುವುದರಿಂದ ಗೆರೆ ತೆಳ್ಳಗೆ, ಸಪ್ಪೆಯಾಗಿ ಕಾಣುತ್ತದೆ. ತಳದಿಂದ ಎದ್ದು ನಿಂತ ಕಡ್ಡಿಯಂಥ ಗುರುತುಗಳು ಜಾಲಿ ಗಿಡಗಳು. ಗೆರೆ ಏಕಾಏಕಿ ಕುಸಿದು ಮತ್ತೆ ಏರಿದರೆ ಅದು ಹಳ್ಳದ ಹಳೆಯ ಪಾತ್ರ. ಮೀನು ಕಾಣುವುದು ಕಮಾನಿನ ರೂಪದಲ್ಲಿ. ಶಂಕುವಿನ ಅಂಚಿಗೆ ಬಂದಾಗ ಅದು ದೂರ, ನಡುವಿಗೆ ಬಂದಾಗ ಹತ್ತಿರ, ಆಚೆ ದಾಟುವಾಗ ಮತ್ತೆ ದೂರ. ಈ ಏರಿಳಿತವೇ ಕಮಾನು. ದೋಣಿಯೂ ಮೀನೂ ನಿಂತಲ್ಲೇ ನಿಂತರೆ ಕಮಾನಿನ ಬದಲು ಉದ್ದ ಗೆರೆ ಬೀಳುತ್ತದೆ. ಆದ್ದರಿಂದ ಕಮಾನಿನ ಉದ್ದ ನೋಡಿ ಮೀನಿನ ತೂಕ ಹೇಳುವುದು ತಪ್ಪು, ಜಾತಿ ಹೇಳುವುದಂತೂ ಆಗದ ಮಾತು. ಪರದೆಯ ಮೇಲೆ ಪುಟ್ಟ ಮೀನಿನ ಚಿತ್ರ ಮೂಡಿಸುವ ಸೌಲಭ್ಯ ಬರೀ ಯಂತ್ರದ ಊಹೆ. ಜಾಲಿ ಟೊಂಗೆಯನ್ನೂ ಅದು ಮೀನೆಂದು ತೋರಿಸಬಲ್ಲದು. ಕೊಂಡ ದಿನವೇ ಅದನ್ನು ಬಂದ್ ಮಾಡಿ.

ಬೇಸಿಗೆಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಬಿಸಿಲಿಗೆ ಮೇಲಿನ ನೀರು ಕಾದು ಹಗುರಾಗಿ, ಕೆಳಗಿನ ತಂಪು ನೀರಿನೊಡನೆ ಬೆರೆಯದೆ ನಿಲ್ಲುತ್ತದೆ. ಆಳವಿರುವ ಕಡೆ ಕೆಳಪದರದಲ್ಲಿ ಕೊಳೆಯುವ ಕಸಕಡ್ಡಿ ಆಮ್ಲಜನಕವನ್ನು ತಿಂದುಹಾಕುವುದರಿಂದ ಮೀನು ಅಲ್ಲಿಗೆ ಇಳಿಯುವುದಿಲ್ಲ. ಯಂತ್ರದ ಸೂಕ್ಷ್ಮತೆಯನ್ನು ಏರಿಸಿದರೆ ಈ ಎರಡು ಪದರಗಳ ನಡುವೆ ತೆಳು ಮಂಜಿನಂಥ ಪಟ್ಟಿ ಕಾಣಬಹುದು. ಕಂಡರೆ ಬಲೆಯನ್ನು ಅದಕ್ಕಿಂತ ಮೇಲಕ್ಕೇ ಬಿಡಬೇಕು.

ಗಾರ್ಮಿನ್, ಲೌರೆನ್ಸ್, ಹಮಿನ್‌ಬರ್ಡ್ ಮೊದಲಾದ ಕಂಪನಿಗಳ ಸಣ್ಣ ಮಾದರಿಗಳೇ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಸಾವಿರಾರು ಅಡಿ ಆಳ ಅಳೆಯುತ್ತದೆಂಬ ಜಾಹೀರಾತಿಗೆ ನಮ್ಮಲ್ಲಿ ಬೆಲೆಯಿಲ್ಲ. 200 ಕಿಲೋಹರ್ಟ್ಸ್ ಸುತ್ತ ಕೆಲಸ ಮಾಡುವ ಚರ್ಪ್ ತಂತ್ರ ಇದ್ದರೆ ಒಳ್ಳೆಯದು. ಒಂದೇ ಸ್ವರದ ಬದಲು ಹಲವು ಸ್ವರಗಳ ಸರಣಿಯನ್ನು ಕಳಿಸುವುದರಿಂದ ತಳಕ್ಕೆ ಒತ್ತಿಕೊಂಡ ಮೀನನ್ನೂ ಬೇರ್ಪಡಿಸಿ ತೋರಿಸುತ್ತದೆ. ನೇರ ಕೆಳಗಿನ ತಳವನ್ನು ಫೋಟೊದಂತೆ ಬಿಡಿಸುವ ಡೌನ್ ಇಮೇಜಿಂಗ್‌ಗೆ ನಾನು ಹೆಚ್ಚಿನ ದುಡ್ಡು ಕೊಡಲು ಹೇಳುತ್ತೇನೆ, ಏಕೆಂದರೆ ಗಿಡದ ಟೊಂಗೆ ಯಾವುದು ಮೀನು ಯಾವುದು ಎಂಬ ಗೊಂದಲ ಅದರಲ್ಲಿ ಕಡಿಮೆ. ಜಿಪಿಎಸ್ ಕಡ್ಡಾಯವಾಗಿ ಇರಲಿ. ಬಲೆ ಹರಿದ ಜಾಗವನ್ನು ಗುರುತು ಮಾಡಿಟ್ಟುಕೊಳ್ಳಲು ಆಗದ ಯಂತ್ರ ಈ ಜಲಾಶಯಗಳಿಗೆ ಅರ್ಧ ಯಂತ್ರ. ವಿದೇಶಿ ಸರೋವರಗಳ ನಕ್ಷೆ ತುಂಬಿದ ಕಾರ್ಡಿಗೆ ದುಡ್ಡು ಸುರಿಯಬೇಡಿ. ಹೋದ ದಾರಿಯ ಆಳವನ್ನು ತಾನೇ ಬರೆದು ನಕ್ಷೆ ಮಾಡಿಕೊಳ್ಳುವ ಸೌಲಭ್ಯ ಇದೆಯೇ ಎಂದು ಕೇಳಿ.

ಪರದೆ ಐದು ಇಂಚಿನದ್ದಿರಲಿ, ಬೆಳಕು ಜೋರಿರಲಿ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮಂಕು ಪರದೆ ಏನೂ ತೋರಿಸದು. ಪೋಲರಾಯ್ಡ್ ಕನ್ನಡಕ ಹಾಕಿಕೊಂಡರೆ ಕೆಲವು ಪರದೆಗಳು ಪೂರಾ ಕಪ್ಪಾಗಿಬಿಡುತ್ತವೆ. ಸಾಧ್ಯವಾದರೆ ಹಣ ಕೊಡುವ ಮೊದಲು ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು ನೋಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಭಾರತದಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ.

ಕರೆಂಟಿನ ಚಿಂತೆಗೆ ಪರಿಹಾರ ಮನೆಯಲ್ಲೇ ಇದ್ದೀತು. ತೊಗರಿಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿನಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟಿನ, 8 ಆಂಪಿಯರ್ ಗಂಟೆಯ ಬ್ಯಾಟರಿ. ಸಣ್ಣ ಯಂತ್ರ ಮುಕ್ಕಾಲು ಆಂಪಿಯರ್ ಎಳೆದರೂ, ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಐದು ಗಂಟೆ ನಡೆಸಬಹುದು. ನಡುವೆ ಒಂದು ಫ್ಯೂಸ್ ಹಾಕಲು ಮರೆಯಬಾರದು.

ಕೂರಿಸುವುದೇ ದೊಡ್ಡ ಸವಾಲು. ಈ ಯಂತ್ರಗಳನ್ನು ಹಿಂಬದಿ ಚಪ್ಪಟೆ ಇರುವ ದೋಣಿಗೆಂದು ಮಾಡಿರುತ್ತಾರೆ. ಹರಿಗೋಲಿಗೆ ಹಿಂದೂ ಇಲ್ಲ ಮುಂದೂ ಇಲ್ಲ, ಅದು ತಿರುಗುತ್ತಲೇ ಸಾಗುತ್ತದೆ. ಅಂಚಿಗೆ ಗಟ್ಟಿ ಕೋಲೊಂದನ್ನು ಬಿಗಿದು, ಟ್ರಾನ್ಸ್‌ಡ್ಯೂಸರ್ ಅರ್ಧ ಅಡಿ ನೀರಿನೊಳಗೆ ನೇರ ಕೆಳಮುಖವಾಗಿ ನಿಲ್ಲುವಂತೆ ಕಟ್ಟಬೇಕು. ಓರೆಯಾದರೆ ತಪ್ಪು ಆಳ ತೋರಿಸುತ್ತದೆ. ಹುಟ್ಟು ಹಾಕುವ ಬದಿಗೆ ಕಟ್ಟಿದರೆ ನೊರೆಯ ಗುಳ್ಳೆಗಳು ಮುಖಕ್ಕೆ ಬರುತ್ತವೆ, ಎದುರು ಬದಿಗೆ ಕಟ್ಟಿ. ದಾರಕ್ಕೆ ಕಟ್ಟಿ ನೀರಿಗೆ ಎಸೆದು ಮೊಬೈಲಿನಲ್ಲಿ ನೋಡುವ ಚೆಂಡಿನಂಥ ಮಾದರಿಗಳೂ ಬಂದಿವೆ. ದಂಡೆಯಲ್ಲಿ ಕೂತು ಗಾಳ ಹಾಕುವವರಿಗೆ ಅವು ಸರಿ. ಬಲೆಗಾರರಿಗೆ ಕೋಲಿಗೆ ಕಟ್ಟಿದ್ದೇ ಬಾಳಿಕೆ.

ಯಂತ್ರ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ. ಮೇ ತಿಂಗಳಲ್ಲಿ ಜಲಾಶಯದ ನೀರು ಇಳಿದು ಅಂಚಿನ ತಳ ಬಯಲಾದಾಗ ಕೆಸರು ಆರಿದ ಕಡೆ ನಡೆದು ಬನ್ನಿ. ಜಾಲಿಯ ಬೊಡ್ಡೆ, ಒಡ್ಡು, ಬಾವಿ ಎಲ್ಲಿವೆ ಎಂದು ಮೊಬೈಲಿನ ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳಿ. ಮಳೆಗಾಲ ಮುಗಿದು ನೀರು ತುಂಬಿದ ಮೇಲೆ ಅದೇ ಜಾಗದ ಮೇಲೆ ಯಂತ್ರ ಒಯ್ದರೆ, ಬೊಡ್ಡೆ ಪರದೆಯಲ್ಲಿ ಹೇಗೆ ಕಾಣುತ್ತದೆ, ಒಡ್ಡು ಹೇಗೆ ಕಾಣುತ್ತದೆ ಎಂದು ಕಣ್ಣು ಪಳಗುತ್ತದೆ.

ಸಮುದ್ರದ ಮೀನುಗಾರರಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಮೀನು ಸಿಗಬಹುದಾದ ವಲಯಗಳನ್ನು ತಿಳಿಸುತ್ತದೆ. ಕಲಬುರಗಿಗೆ ಅಷ್ಟು ಹತ್ತಿರದ ಊರಿನಿಂದ ಹೊರಡುವ ಆ ಸೂಚನೆ ಒಳನಾಡಿನ ಹರಿಗೋಲಿಗೆ ಉಪಯೋಗವಿಲ್ಲ. ಇಲ್ಲಿಯ ನಕ್ಷೆಯನ್ನು ಇಲ್ಲಿಯವರೇ ಮಾಡಿಕೊಳ್ಳಬೇಕು. ಜಲಾಶಯದ ತಳ ವರ್ಷ ವರ್ಷ ಬದಲಾಗುವಂಥದ್ದಲ್ಲ. ಹೂಳು ನಿಧಾನಕ್ಕೆ ತುಂಬುತ್ತದೆ, ಬೊಡ್ಡೆಗಳು ಇದ್ದಲ್ಲೇ ಇರುತ್ತವೆ. ಒಮ್ಮೆ ಸರಿಯಾಗಿ ಅಳೆದ ನಕ್ಷೆ ಎಷ್ಟೋ ಹಂಗಾಮುಗಳಿಗೆ, ಎಲ್ಲ ಹರಿಗೋಲುಗಳಿಗೆ ಬರುತ್ತದೆ. ಆದ್ದರಿಂದ ಮನೆಗೊಂದು ಯಂತ್ರ ಕೊಳ್ಳುವುದು ವ್ಯರ್ಥ ಖರ್ಚು. ಮೀನುಗಾರರ ಸಹಕಾರ ಸಂಘ ಒಂದೇ ಒಂದು ಒಳ್ಳೆಯ ಯಂತ್ರ ತರಿಸಿ, ಇಬ್ಬರು ಹುಡುಗರಿಗೆ ಅದನ್ನು ಕಲಿಸಿ, ಜಲಾಶಯವನ್ನು ಪೂರ್ತಿ ಅಳೆಸಿ, ಆ ನಕ್ಷೆಯನ್ನು ಸಂಘದ ಗೋಡೆಗೆ ಹಚ್ಚಲಿ. ಉಳಿದ ದುಡ್ಡಿನಲ್ಲಿ ಮೊದಲು ಪ್ರತಿ ಹರಿಗೋಲಿಗೂ ಲೈಫ್ ಜಾಕೆಟ್ ಕೊಡಿಸಲಿ.