ಹಳೆಯ ಮನೆಯ ಪಾತ್ರೆಗಳು ಮತ್ತು ಅವುಗಳ ಮೇಲಿನ ಅಕ್ಷರಗಳು

ಶಿಲಾಶಾಸನ, ತಾಮ್ರಶಾಸನಗಳೆಂದರೆ ಕನ್ನಡಿಗರಿಗೆ ಸಹಜವಾದ ಗೌರವವುಂಟು. ಅವನ್ನು ಓದಿ ಅರ್ಥೈಸುವ ವಿದ್ವಾಂಸರಿದ್ದಾರೆ; ಅಚ್ಚಾದ ಸಂಪುಟಗಳಿವೆ. ಆದರೆ ನಾಡಿನ ಮನೆಮನೆಗಳ ಅಟ್ಟದ ಮೇಲೆ ಎರಡು ತಲೆಮಾರುಗಳ ಹಿಂದಿನವರೆಗೆ ಇದ್ದ ಇನ್ನೊಂದು ಬಗೆಯ ಬರಹವನ್ನು ಶಾಸನವೆಂದು ಎಣಿಸಿದವರು ವಿರಳ. ಹಿತ್ತಾಳೆಯ ಕೊಡದ ಕಂಠದ ಕೆಳಗೆ, ತಾಮ್ರದ ಹಂಡೆಯ ಮೈಮೇಲೆ, ಕಂಚಿನ ಗಂಗಾಳದ ಅಂಚಿನಲ್ಲಿ ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರು, ಊರು, ಕೆಲವೊಮ್ಮೆ ಇಸವಿ, ಇವೇ ಆ ಬರಹಗಳು. ಇಪ್ಪತ್ತನೆಯ ಶತಮಾನದ ನಡುಗಾಲದ ಗೃಹೋಪಕರಣಗಳ ಮೇಲೆ ಈಗ ಹಲವರಿಗೆ ಮಮತೆ ಹುಟ್ಟಿದೆ. ಪಟ್ಟಣದ ಮನೆಗಳ ಪಡಸಾಲೆಯಲ್ಲಿ ಹಂಡೆಯೊಂದು ಹೂವಿನ ಕುಂಡವಾಗಿ ಕುಳಿತಿರುತ್ತದೆ. ಮಮತೆ ಒಳ್ಳೆಯದೇ, ಆದರೆ ಆ ಹಂಡೆಯನ್ನು ಓದಿದವರು ಎಷ್ಟು ಮಂದಿ ಎಂಬುದು ಬೇರೆಯ ಪ್ರಶ್ನೆ.

ಮೊದಲಿಗೆ ಲೋಹಗಳ ವಿಚಾರ. ತಾಮ್ರಕ್ಕೆ ಸತುವನ್ನು ಬೆರೆಸಿದರೆ ಹಿತ್ತಾಳೆ. ತವರವನ್ನು ಬೆರೆಸಿದರೆ ಕಂಚು. ಸಂಸ್ಕೃತದ ಕಾಂಸ್ಯವೇ ಕನ್ನಡದಲ್ಲಿ ಕಂಚಾಯಿತು; ಪಿತ್ತಳವು ಪಕಾರವು ಹಕಾರವಾಗುವ ನಮ್ಮ ಭಾಷೆಯ ನಿಯಮಕ್ಕೆ ಒಳಗಾಗಿ ಹಿತ್ತಾಳೆಯಾಯಿತು. ಊಟದ ಪಾತ್ರೆಗಳ ಕಂಚಿನಲ್ಲಿ ತವರದ ಪಾಲು ಹೆಚ್ಚು, ನೂರಕ್ಕೆ ಸುಮಾರು 22ರಷ್ಟು. ಇದರಿಂದ ಅದಕ್ಕೆ ಗಡಸುತನವೂ ನಾದವೂ ಬರುತ್ತವೆ. ‘ಕಂಚಿನ ಕಂಠ’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅದೇ ಕಾರಣದಿಂದ ಕಲ್ಲಿನ ಮೇಲೆ ಬಿದ್ದ ಕಂಚಿನ ತಟ್ಟೆ ತಗ್ಗುಬೀಳುವ ಬದಲು ಒಡೆದುಹೋಗುತ್ತದೆ. ಕಂಚಿಗೆ ನಾದದ ಕೀರ್ತಿ, ಹಿತ್ತಾಳೆಗೆ ಮಾತ್ರ ಚಾಡಿ ನಂಬುವ ಕಿವಿಯ ಅಪಕೀರ್ತಿ. ಇದು ಯಾವ ನ್ಯಾಯವೋ ಆ ಗಾದೆ ಕಟ್ಟಿದವರೇ ಬಲ್ಲರು.

ತಾಮ್ರ, ಹಿತ್ತಾಳೆಗಳಿಗೆ ಹುಳಿಯೆಂದರೆ ಆಗದು. ಮಜ್ಜಿಗೆಯನ್ನೋ ಹುಣಿಸೆಹಣ್ಣಿನ ಸಾರನ್ನೋ ಅವುಗಳಲ್ಲಿ ಇಟ್ಟರೆ ಕಿಲುಬು ಬಿಟ್ಟು ಆಹಾರ ಕೆಡುತ್ತದೆ; ತಿಂದವರಿಗೆ ವಾಂತಿಯಾಗುತ್ತದೆ. ಇದಕ್ಕೆ ಪರಿಹಾರವೇ ಕಲಾಯಿ. ಅರಬ್ಬೀ ಮೂಲದ ಈ ಶಬ್ದದ ಅರ್ಥ ತವರ. ಕಲಾಯಿಗಾರನು ಓಣಿಯ ಮರದಡಿಯಲ್ಲಿ ನೆಲ ಅಗೆದು ಒಲೆ ಹೂಡಿ, ತಿದಿಯೊತ್ತಿ, ಉಜ್ಜಿ ತೊಳೆದ ಪಾತ್ರೆಯನ್ನು ಕೆಂಡದ ಮೇಲಿಟ್ಟು ಕಾಯಿಸುವನು. ನವಸಾಗರದ ಪುಡಿಯನ್ನು ಎರಚಿದೊಡನೆ ದಟ್ಟವಾದ ಬಿಳಿಯ ಹೊಗೆಯೆದ್ದು ಲೋಹದ ಮೇಲಿನ ಮಲಿನ ಪೊರೆ ಬಿಡುತ್ತದೆ. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೇ ಕರಗುವುದರಿಂದ ಅದರ ಕಡ್ಡಿಯನ್ನು ಕಾದ ಪಾತ್ರೆಗೆ ಮುಟ್ಟಿಸಿ ಹತ್ತಿಯ ಉಂಡೆಯಿಂದ ಒರೆಸಿದರೆ ಒಳಮೈಯೆಲ್ಲ ಬೆಳ್ಳಿಯಂತೆ ಬೆಳ್ಳಗಾಗುತ್ತದೆ. ತಣ್ಣೀರಿನಲ್ಲಿ ಅದ್ದಿದಾಗ ಚುರ್ರೆಂಬ ಸದ್ದು. ಊರಿನ ಮಕ್ಕಳಿಗೆ ಇದೊಂದು ನಾಟಕವಾಗಿದ್ದಿತು. ಆದರೆ ಕೆಲವು ತಿಂಗಳಲ್ಲಿ ಕಲಾಯಿ ಸವೆಯುವುದು, ಮತ್ತೆ ದುಡ್ಡು ತೆರಬೇಕಾಗುವುದು. ಹೊರಮೈಯನ್ನು ಬೂದಿ, ಹುಣಿಸೆಹಣ್ಣುಗಳಿಂದ ದಿನವೂ ತಿಕ್ಕಬೇಕು. ಇಬ್ಬರು ಎತ್ತಬೇಕಾದ ಹಂಡೆಯನ್ನು ಒಬ್ಬಳೇ ಜರುಗಿಸಬೇಕು. ಹಳೆಯ ಪಾತ್ರೆಗಳ ಚೆಲುವನ್ನು ಕೊಂಡಾಡುವ ಪುರುಷರಲ್ಲಿ ಅವನ್ನು ಬೆಳಗಿದವರು ಕಡಮೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಆದುದರಿಂದ ಸ್ಟೇನ್‌ಲೆಸ್ ಸ್ಟೀಲು ಬಂದಾಗ ಗೃಹಿಣಿಯರು ಅದನ್ನು ಬರಮಾಡಿಕೊಂಡುದರಲ್ಲಿ ತಪ್ಪೇನೂ ಇಲ್ಲ. ಆ ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಪಾಲಿಗೆ ಕಡಮೆಯಿಲ್ಲದಂತೆ ಕ್ರೋಮಿಯಂ ಇರುತ್ತದೆ. ಅದು ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಪೊರೆ ಗೀಚಿಹೋದರೂ ತಾನಾಗಿ ಮತ್ತೆ ಕಟ್ಟುತ್ತದೆ. ತಾನೇ ಕಲಾಯಿ ಹಾಕಿಕೊಳ್ಳುವ ಲೋಹವೆಂದರೂ ಸಲ್ಲುತ್ತದೆ. 1960, 70ರ ದಶಕಗಳಲ್ಲಿ ಬುಟ್ಟಿ ಹೊತ್ತ ವ್ಯಾಪಾರಿಗಳು ಬೀದಿ ಬೀದಿಗೆ ಬಂದು ಹಳೆಯ ಹಿತ್ತಾಳೆ, ತಾಮ್ರಗಳನ್ನು ತೂಕಕ್ಕೆ ಕೊಂಡು ಹೊಸ ಡಬ್ಬಿ, ಲೋಟಗಳನ್ನು ಕೊಟ್ಟುಹೋದರು. ಹಳೆಯ ಜರಿಸೀರೆಗಳೂ ಅದೇ ಬುಟ್ಟಿಗೆ ಸೇರಿ, ಸುಟ್ಟು ಬೆಳ್ಳಿ ತೆಗೆಯುವವರ ಕೈಗೆ ಹೋದವು. ನೂಲಿನ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣಗಳಿಗೆ ಈ ಗತಿ ಬರಲಿಲ್ಲ. ಸುಟ್ಟರೆ ಸಿಗುವ ಬೆಳ್ಳಿ ಅವುಗಳಲ್ಲಿರಲಿಲ್ಲವಾಗಿ ಅವು ಕೌದಿಯ ತೇಪೆಗಳಾಗಿ ಉಳಿದುಕೊಂಡವು. ಬೆಲೆಯಿಲ್ಲದಿರುವುದೂ ಒಮ್ಮೊಮ್ಮೆ ರಕ್ಷೆಯೇ.

ಬುಟ್ಟಿಗೆ ಹೋದುದು ಕೇವಲ ಲೋಹವಾಗಿದ್ದರೆ ಶೋಕಿಸುವ ಅವಶ್ಯಕತೆಯಿರಲಿಲ್ಲ. ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತಿದ್ದುದೇಕೆ? ಒಂದು ಕಾರಣ ಸರಳ: ಮದುವೆ ಮುಂಜಿಗಳಿಗೆ ಪಾತ್ರೆಗಳನ್ನು ಮನೆಮನೆಯಿಂದ ಎರವಲು ತರುವ ರೂಢಿಯಿದ್ದುದರಿಂದ ಕೊಟ್ಟವರ ಪಾತ್ರೆ ಕೊಟ್ಟವರಿಗೆ ಮರಳಬೇಕು. ಎರಡನೆಯದು ಇನ್ನೂ ಆಳವಾದುದು. ಮದುವೆಯಲ್ಲಿ ಮುಯ್ಯಿ ಬಂದ ಪಾತ್ರೆ ಒಂದು ಋಣ. ಅವರ ಮನೆಯ ಶುಭಕಾರ್ಯದಲ್ಲಿ ಅದನ್ನು ತೀರಿಸಬೇಕು. ಯಾರು, ಯಾರ ಲಗ್ನದಲ್ಲಿ, ಯಾವ ವರ್ಷ ಕೊಟ್ಟರೆಂಬುದು ಪಾತ್ರೆಯ ಮೈಮೇಲಿದ್ದರೆ ಬೇರೆ ಲೆಕ್ಕದ ಪುಸ್ತಕ ಬೇಡ. ಬಳುವಳಿಯಾಗಿ ಬಂದ ಕೊಡದ ಮೇಲೆ ಮಗಳ ಹೆಸರಿರುವುದುಂಟು. ಆಸ್ತಿಪತ್ರಗಳಲ್ಲಾಗಲಿ ಶಾಲೆಯ ದಾಖಲೆಯಲ್ಲಾಗಲಿ ಎಲ್ಲಿಯೂ ಹೆಸರು ಬರೆಯಿಸಿಕೊಳ್ಳದ ಎಷ್ಟೋ ಹೆಣ್ಣುಮಕ್ಕಳ ಹೆಸರು ಅಕ್ಷರರೂಪದಲ್ಲಿ ನಿಂತುದು ಆ ಕೊಡದ ಮೇಲೆ ಮಾತ್ರ. ಅದು ಕರಗಿದಾಗ ಕರಗಿದುದೇನೆಂದು ಬೇರೆ ಹೇಳಬೇಕಾಗಿಲ್ಲ. ಗುಡಿ, ಮಠ, ಛತ್ರಗಳ ಕೊಪ್ಪರಿಗೆಗಳ ಮೇಲೆ ದಾನಿಗಳ ಹೆಸರುಗಳನ್ನು ಇಂದಿಗೂ ಕಾಣಬಹುದು. ದಾನಶಾಸನದ ಹಳೆಯ ಸಂಪ್ರದಾಯ ಅಡುಗೆಮನೆಯಲ್ಲಿ ಹೀಗೆ ಮುಂದುವರಿದಿದೆ.

ಹೆಸರಿನ ಜೊತೆಗೆ ಮಾತುಗಳೂ ಹೋಗುತ್ತವೆ. ತಂಬಿಗೆ, ಚರಿಗೆ, ಬೋಗುಣಿ, ಪರಾತ, ಗಂಗಾಳ, ಗುಡಾಣ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಆಕಾರ, ಒಂದೊಂದು ಕೆಲಸ. ಇಂದಿನ ಮಾತಿನಲ್ಲಿ ಎಲ್ಲವೂ ಪಾತ್ರೆ. ಅಡಕೆ ಮತ್ತು ಒತ್ತು ಸೇರಿ ಅಡಕೊತ್ತಾದುದನ್ನು ವ್ಯಾಕರಣದ ಪಾಠದಲ್ಲಿ ಹೇಳಿದರೆ ಆ ವಸ್ತುವನ್ನೇ ನೋಡದ ವಿದ್ಯಾರ್ಥಿಗೆ ಲೋಪಸಂಧಿ ಮಾತ್ರ ದಕ್ಕುತ್ತದೆ. ಅಳತೆಯ ವಿಷಯವೂ ಹಾಗೆಯೇ. 1956ರ ತೂಕ ಅಳತೆಗಳ ಕಾಯಿದೆಯಾಗಿ, 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದ ಮೇಲೆ ಸೇರು, ಅರ್ಧ ಸೇರಿನ ಅಚ್ಚೇರು, ಕಾಲು ಸೇರಿನ ಪಾವು ಇವು ಅಂಗಡಿಯಿಂದ ಇಳಿದುಹೋದವು. ಕೊಳಗ, ಖಂಡುಗಗಳ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದರಿಂದ ವ್ಯವಹಾರಕ್ಕೆ ಆ ಬದಲಾವಣೆ ಅಗತ್ಯವಾಗಿದ್ದಿತು. ಆದರೆ ಹಳೆಯ ಲೆಕ್ಕಪತ್ರಗಳನ್ನು ಓದುವವರಿಗೆ ಆಯಾ ಊರಿನ ಕೊಳಗವೇ ಕೈಗೆ ಸಿಕ್ಕರೆ ಅದಕ್ಕಿಂತ ದೊಡ್ಡ ನಿಘಂಟು ಬೇಕಿಲ್ಲ.

ಸಂಗ್ರಹಕಾರರು ಇದನ್ನು ಅರಿಯದವರೇನಲ್ಲ. ಪುಣೆಯ ದಿನಕರ ಕೇಳ್ಕರರು 1920ರ ಸುಮಾರಿನಿಂದ ದೀಪ, ಅಡಕೊತ್ತು, ಪಾತ್ರೆಗಳನ್ನು ಕೂಡಿಸುತ್ತ ಬಂದು 1962ರಲ್ಲಿ ಆ ಸಂಗ್ರಹವನ್ನು ಸರ್ಕಾರಕ್ಕೆ ಒಪ್ಪಿಸಿದರು. ಎಳವೆಯಲ್ಲೇ ತೀರಿಕೊಂಡ ಮಗ ರಾಜನ ಹೆಸರು ಆ ವಸ್ತುಸಂಗ್ರಹಾಲಯಕ್ಕಿದೆ. ಅಹಮದಾಬಾದಿನ ವಿಶಾಲಾದಲ್ಲಿ 1981ರಲ್ಲಿ ಪಾತ್ರೆಗಳಿಗಾಗಿಯೇ ಒಂದು ಸಂಗ್ರಹಾಲಯ ಹುಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರದು. ಮಣಿಪಾಲದ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿತಂದು ಮರಳಿ ನಿಲ್ಲಿಸಿದರು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ಕನ್ನಡಿಗರು ಬಲ್ಲರು.

ಇಂಥವರ ಕೈಗೆ ಸೇರದ ವಸ್ತುಗಳಿಗೆ ಕಾನೂನಿನ ಆಸರೆಯೂ ಇಲ್ಲ. 1972ರಲ್ಲಿ ಅಂಗೀಕೃತವಾಗಿ 1976ರಲ್ಲಿ ಜಾರಿಗೆ ಬಂದ ಪ್ರಾಚೀನ ವಸ್ತುಗಳ ಅಧಿನಿಯಮವು ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುಗಳಿಗೆ, ಹಸ್ತಪ್ರತಿಗಳಾದರೆ 75 ವರ್ಷ ತುಂಬಿದವುಗಳಿಗೆ ಅನ್ವಯಿಸುತ್ತದೆ. 1950ರ ಹಂಡೆ ಪ್ರಾಚೀನವೆನಿಸಲು 2050ರವರೆಗೆ ಉಳಿದಿರಬೇಕು. ಅಲ್ಲಿಯವರೆಗೆ ಅದರ ಬೆಲೆ ಗುಜರಿಯ ತೂಕದ ಬೆಲೆ, ಇಲ್ಲವೇ ಅಲಂಕಾರದ ಬೆಲೆ.

ಅಲಂಕಾರದ ಬೆಲೆಯೂ ನಿರಪಾಯಕಾರಿಯಲ್ಲ. ಕೊಳ್ಳುವವರು ಹೊಳಪು ಬಯಸುತ್ತಾರೆಂದು ವ್ಯಾಪಾರಿಗಳು ಯಂತ್ರದಿಂದ ಉಜ್ಜಿಸುತ್ತಾರೆ, ಅಕ್ಷರಗಳು ಅಳಿಯುತ್ತವೆ. ಹಳೆಯದನ್ನು ಬಯಸುವವರಿಗಾಗಿ ಹೊಸ ಹಿತ್ತಾಳೆಗೆ ಆಮ್ಲ ಸವರಿ ಕಪ್ಪಾಗಿಸುವುದೂ ನಡೆಯುತ್ತದೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ತಯಾರಾಗತೊಡಗಿದ ಎಚ್‌ಎಂಟಿ ಕೈಗಡಿಯಾರಗಳಿಗೂ ಇದೇ ಪಾಡು. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ನಿರ್ಧಾರವಾದ ಮೇಲಂತೂ ಬೇಡಿಕೆ ಹೆಚ್ಚಿ, ಹಳೆಯ ಮುಖಫಲಕಕ್ಕೆ ಹೊಸ ಬಣ್ಣ ಬಳಿದವು ಪೇಟೆಯಲ್ಲಿ ತುಂಬಿವೆ. ಹಂಡೆಯಲ್ಲಿ ನಿಜವಾದ ಹಳತನ್ನು ಗುರುತಿಸಲು ಬೆಸುಗೆಯನ್ನು ನೋಡಬೇಕು: ತಗಡನ್ನು ಬಡಿದು ಮಾಡಿದ ಹಂಡೆಗಳಲ್ಲಿ ಎರಡು ಭಾಗಗಳನ್ನು ಹಲ್ಲುಹಲ್ಲಾಗಿ ಕತ್ತರಿಸಿ ಒಂದರೊಳಗೊಂದು ಕೂಡಿಸಿ ಬೆಸೆದ ಗೆರೆ ಕಾಣುತ್ತದೆ, ಮೈಮೇಲೆ ಸುತ್ತಿಗೆಯ ಗುರುತುಗಳಿರುತ್ತವೆ. ಯಂತ್ರದಲ್ಲಿ ತಿರುಗಿಸಿ ಮಾಡಿದುದರಲ್ಲಿ ಇವೆರಡೂ ಇಲ್ಲದೆ ಸುತ್ತುಗೆರೆಗಳಿರುತ್ತವೆ.

ಮನೆಯಲ್ಲಿ ಅಂಥದೊಂದು ಪಾತ್ರೆ ಉಳಿದಿದ್ದರೆ ಅದನ್ನು ಬೆಳಗುವ ಮುನ್ನ ಓದಬೇಕು. ಹುಣಿಸೆಹಣ್ಣು ಮುಟ್ಟಿಸದೆ ಒಣಬಟ್ಟೆಯಿಂದ ಧೂಳು ಒರೆಸಿ, ಅಕ್ಷರಗಳಿರುವೆಡೆ ನುಣ್ಣನೆಯ ಅಕ್ಕಿಹಿಟ್ಟನ್ನು ಮೆಲ್ಲಗೆ ಸವರಿದರೆ ಚುಕ್ಕೆಗಳಲ್ಲಿ ಹಿಟ್ಟು ನಿಂತು ಬರಹ ಎದ್ದುಕಾಣುತ್ತದೆ. ಸಂಜೆಯ ಓರೆಬಿಸಿಲಿನಲ್ಲಿ ಹಿಡಿದರೆ ಸವೆದ ಅಕ್ಷರಗಳೂ ತಿಳಿಯುತ್ತವೆ. ಕೆತ್ತಿದವನು ಒತ್ತಕ್ಷರ ಬಿಟ್ಟಿದ್ದರೆ, ದೀರ್ಘ ಮರೆತಿದ್ದರೆ ತಿದ್ದದೆ ಇದ್ದಂತೆಯೇ ನಕಲಿಳಿಸಿಕೊಳ್ಳಬೇಕು. ಅದರ ಕೆಳಗೆ ಆ ಪಾತ್ರೆಗೆ ಆ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಅದರಲ್ಲಿ ಏನನ್ನು ತುಂಬುತ್ತಿದ್ದರು ಎಂಬುದನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ಬರೆಯಬೇಕು. ಅವರು ಇರುವಾಗಲೇ ಆಗಬೇಕಾದ ಕೆಲಸವಿದು.